ಅಪ್ಪಂಗೆ ಸಿಎಮ್‌ಎಲ್ (ಒಂಥರ ರಕ್ತದ ಕ್ಯಾನ್ಸರ್), ಇಮಾಟಿನಿಬ್ ಮಾತ್ರೆ ಶುರುವಾಗಿ 5 ವಾರ. ಮಾತ್ರೆ ಸರಿಯಾಗಿ ಕೊಡ್ತಿದೀವಾ? ಅನುಭವ ಇರೋರು ದಯವಿಟ್ಟು ಹೇಳಿ

ಮಾಗಡಿರೋಡ್ ಮಗಳು

ಎಲ್ರಿಗೂ ನಮಸ್ಕಾರ. ನಮ್ ತಂದೆಗೆ 61 ವರ್ಷ. ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಬ್ಲಡ್ ಟೆಸ್ಟ್ ಮಾಡ್ಸಿದ್ದಷ್ಟೇ, ಬಿಳಿ ರಕ್ತಕಣ 1 ಲಕ್ಷದ 40 ಸಾವಿರ ಅಂತ ಬಂತು, ಲ್ಯಾಬ್‌ನೋರೇ ಫೋನ್ ಮಾಡಿ ಇನ್ನೊಂದ್ಸಲ ರಕ್ತ ಕೊಡಿ ಅಂದ್ರು, ಆಮೇಲೆ ಬೋನ್ ಮ್ಯಾರೋ ಟೆಸ್ಟ್ ಎಲ್ಲಾ ಆಗಿ ಸಿಎಮ್‌ಎಲ್, ಕ್ರೋನಿಕ್ ಫೇಸ್ (ಮೊದಲ ಹಂತ) ಅಂದ್ರು. ಇಮಾಟಿನಿಬ್ 400 ಎಮ್‌ಜಿ ದಿನಕ್ಕೊಂದು. ಡಾಕ್ಟರ್ ಒಳ್ಳೆಯವ್ರೇ, ಆದ್ರೆ ಓಪಿಡಿಲಿ ಅಷ್ಟೊಂದು ಜನ ಇರ್ತಾರೆ, ಕೇಳ್ಬೇಕಾಗಿದ್ದೆಲ್ಲ ಹೊರಗೆ ಬಂದು ಬಸ್ ಹತ್ತಿದ್ಮೇಲೆ ನೆನಪಾಗತ್ತೆ.

ಮನೇಲಿ ಈಗ ಆಗ್ತಿರೋದು ಹೇಳ್ತೀನಿ. ಹೋದ ಭಾನುವಾರ ಬೆಳಗ್ಗೆ ಮಾತ್ರೆ ನುಂಗಿ ಅರ್ಧ ಗಂಟೆಲಿ ಅಪ್ಪ ವಾಂತಿ ಮಾಡ್ಕೊಂಡ್ರು, ಅಮ್ಮ ಗಾಬರಿಯಾಗಿ ಇನ್ನೊಂದು ಮಾತ್ರೆ ಕೊಟ್ಬಿಟ್ರು. ಮಾತ್ರೆ ದಪ್ಪ, ನುಂಗಕ್ಕೆ ಕಷ್ಟ ಅಂತ ನಮ್ಮತ್ತಿಗೆ ದಿನಾ ಚಾಕುನಲ್ಲಿ ಕತ್ತರಿಸಿ ಪುಡಿ ಮಾಡಿ ಕೊಡ್ತಾರೆ, ಅವ್ರು ಈಗ 5 ತಿಂಗಳ ಬಸುರಿ. ಪಕ್ಕದ ಮನೆ ಆಂಟಿ ಹೇಳಿದ್ರು ಅಂತ ಬೆಳಗ್ಗೆ ಎದ್ದ ತಕ್ಷಣ ಅಮೃತಬಳ್ಳಿ ಕಷಾಯ. ದೇವನಹಳ್ಳಿಯಿಂದ ದೊಡ್ಡಮ್ಮ ಒಂದು ಚೀಲ ಚಕ್ಕೋತ ತಂದಿದಾರೆ, ಬಾಯಿಗೆ ರುಚಿ ಇಲ್ಲ ಅಂತ ಅಪ್ಪ ಅದನ್ನೇ ಕೇಳಿ ಕೇಳಿ ತಿಂತಾರೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ಅಂದ್ರೆ, ಮೊನ್ನೆ ಕೌಂಟ್ 8 ಸಾವಿರಕ್ಕೆ ಇಳಿದು ನಾರ್ಮಲ್ ಅಂತ ಬಂತು, ಅದಾದ್ಮೇಲೆ ಊರಿಗೆ ಮದುವೆಗೆ ಹೋದವ್ರು 2 ದಿನ ಮಾತ್ರೆನೇ ತಗೊಂಡಿಲ್ಲ. ಕೇಳಿದ್ರೆ "ನಾರ್ಮಲ್ ಬಂತಲ್ಲಮ್ಮ, ನಾನ್ ಚೆನ್ನಾಗೇ ಇದೀನಿ, ಇನ್ಯಾಕೆ ಅದು" ಅಂತಾರೆ. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ.

ವಿಜಯನಗರ ವಾಸಿ

ಧೈರ್ಯವಾಗಿರಿ ತಾಯಿ. ನಮ್ ಭಾವನಿಗೂ ಇದೇ ಕಾಯಿಲೆ, 3 ವರ್ಷದಿಂದ ಮಾತ್ರೆ ಮೇಲಿದಾರೆ. ಈ ಮಾತ್ರೆನ ಊಟದ ಜೊತೆ ಕೊಡ್ಲೇಬಾರದು, ಊಟ ಆಗಿ 2 ಗಂಟೆ ಬಿಟ್ಟು ಖಾಲಿ ಹೊಟ್ಟೆಗೇ ಕೊಡ್ಬೇಕು, ಮಾತ್ರೆ ಆದ್ಮೇಲೂ 1 ಗಂಟೆ ಏನೂ ತಿನ್ನಬಾರದು. ಅವ್ರ ಡಾಕ್ಟರ್ ಇದನ್ನ ತುಂಬಾ ಸ್ಟ್ರಿಕ್ಟ್ ಆಗಿ ಹೇಳಿದಾರೆ.

11 ವರ್ಷದ ಪಯಣ

ವಿಜಯನಗರದ ಸರ್, ತಪ್ಪು ತಿಳ್ಕೋಬೇಡಿ, ನಿಮ್ ಭಾವ ತಗೊಳ್ತಿರೋದು ನಿಲೋಟಿನಿಬ್ ಇರ್ಬೇಕು, ಸ್ಟ್ರಿಪ್ ಮೇಲಿನ ಹೆಸರು ಒಂದ್ಸಲ ನೋಡಿ. ಅದಕ್ಕೆ ನೀವು ಹೇಳಿದ ನಿಯಮ ನೂರಕ್ಕೆ ನೂರು ಸರಿ, ಊಟದ ಜೊತೆ ತಗೊಂಡ್ರೆ ರಕ್ತದಲ್ಲಿ ಔಷಧಿ ಜಾಸ್ತಿಯಾಗಿ ಹೃದಯದ ಬಡಿತಕ್ಕೇ ತೊಂದರೆ. ಆದ್ರೆ ಇಮಾಟಿನಿಬ್ ಪೂರ್ತಿ ಉಲ್ಟಾ, ಅದನ್ನ ಊಟದ ಜೊತೆನೇ, ದೊಡ್ಡ ಲೋಟದ ತುಂಬ ನೀರಲ್ಲಿ ತಗೋಬೇಕು. ಕಾಯಿಲೆ ಒಂದೇ ಆದ್ರೂ ಮಾತ್ರೆ ಬೇರೆ, ಹಾಗಾಗಿ ಒಬ್ಬರ ನಿಯಮ ಇನ್ನೊಬ್ಬರಿಗೆ ಆಗಲ್ಲ.

ತಂಗಿ, ನಾನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ 11 ವರ್ಷದಿಂದ ಹೋಗ್ತಿದೀನಿ, ಇವತ್ತಿಗೂ ಇಮಾಟಿನಿಬ್ 400, ದಿನಾ ಆಫೀಸಿಗೂ ಹೋಗ್ತೀನಿ. ಮೊದಲ 2 ತಿಂಗಳು ನಂಗೂ ಹೊಟ್ಟೆ ತೊಳಸೋದು. ಬೆಳಗ್ಗೆ ಎರಡು ಇಡ್ಲಿ ಮೇಲೆ ತಗೊಳ್ತಿದ್ದೆ, ತಡೀತಿರ್ಲಿಲ್ಲ. ಡಾಕ್ಟರ್‌ನ ಕೇಳಿ ರಾತ್ರಿ ಊಟಕ್ಕೆ ಬದಲಾಯಿಸ್ಕೊಂಡೆ. ಅರ್ಧ ಮುದ್ದೆ ಆದ್ಮೇಲೆ ಮಾತ್ರೆ, ಮೇಲೆ ಉಳಿದರ್ಧ ಮುದ್ದೆ, ಅದರ ಮೇಲೆ ಅನ್ನ ಮಜ್ಜಿಗೆ. ತಗೊಂಡ ತಕ್ಷಣ ಮಲಗಲ್ಲ, 1 ಗಂಟೆ ಆದ್ರೂ ಕೂತೇ ಇರ್ತೀನಿ. ಆಮೇಲೆ ವಾಂತಿ ಆಗಿಲ್ಲ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದ್ಕೊಳ್ಳೋದು, ರಾತ್ರಿ ಮೀನಖಂಡ ಹಿಡ್ಕೊಳ್ಳೋದು ಇವೆಲ್ಲ ಬರ್ಬಹುದು, ಹೆದರ್ಬೇಡಿ, ಆದ್ರೆ ಡಾಕ್ಟರ್ ಹತ್ರ ಮುಚ್ಚಿಡ್ಬೇಡಿ.

ಈಗ ಅಪ್ಪನ ಪ್ರಶ್ನೆ. ಅವ್ರಿಗೆ ಹೀಗೆ ಹೇಳಿ ನೋಡಿ. 9ನೇ ಕ್ರೋಮೋಸೋಮಿನ ಚೂರು 22ಕ್ಕೆ, 22ರ ಚೂರು 9ಕ್ಕೆ ಅದಲು ಬದಲಾಗಿ ಬಿಸಿಆರ್ ಎಬಿಎಲ್ ಅನ್ನೋ ಒಂದು ಕೆಟ್ಟ ಜೀನ್ ಹುಟ್ಕೊಂಡಿದೆ, ಅದು ನಿಲ್ಲದೇ ಬಿಳಿ ರಕ್ತಕಣ ಮಾಡು ಮಾಡು ಅಂತ ಆರ್ಡರ್ ಕೊಡ್ತಾನೇ ಇರತ್ತೆ. ಮಾತ್ರೆ ಆ ಆರ್ಡರ್ ಕೊಡೋ ಬಾಯಿನ ದಿನಾ ಕಟ್ಟಿ ಹಾಕತ್ತೆ. ಕೌಂಟ್ ನಾರ್ಮಲ್ ಬಂತು ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ, ಕಾಯಿಲೆ ಹೋಯ್ತು ಅಂತ ಅಲ್ಲ. ಒಳಗೆ ಎಷ್ಟು ಉಳಿದಿದೆ ಅಂತ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ಹೇಳಲ್ಲ, ಆ ಕೆಟ್ಟ ಜೀನ್ ಎಷ್ಟಿದೆ ಅಂತ ಅಳೆಯೋ ಪಿಸಿಆರ್ ಟೆಸ್ಟೇ ಹೇಳ್ಬೇಕು. ಅದನ್ನ 3 ತಿಂಗಳಿಗೊಮ್ಮೆ ಮಾಡಿಸ್ತಾರೆ, 3ನೇ ತಿಂಗಳಿಗೆ 10% ಒಳಗೆ, 6ಕ್ಕೆ 1% ಒಳಗೆ, ವರ್ಷಕ್ಕೆ 0.1% ಒಳಗೆ ಬರ್ಲಿ ಅಂತ ನೋಡ್ತಾರೆ.

ಇನ್ನೊಂದು ವಿಷಯ, ಇದನ್ನ ಕೇಳಿದ್ಮೇಲೆ ನಾನು ಒಂದ್ ದಿನಾನೂ ತಪ್ಪಿಸಿಲ್ಲ. 2010ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಲಿ 87 ಜನ ಸಿಎಮ್‌ಎಲ್ ಪೇಷಂಟ್‌ಗಳ ಮಾತ್ರೆ ಬಾಟಲಿ ಮುಚ್ಚಳದಲ್ಲಿ ಚಿಪ್ ಇಟ್ಟು, ದಿನಾ ತೆಗೀತಾರಾ ಇಲ್ವಾ ಅಂತ 3 ತಿಂಗಳು ನೋಡಿದ್ರು. 90%ಗಿಂತ ಕಡಿಮೆ ಮಾತ್ರೆ ತಗೊಂಡವರಲ್ಲಿ ಒಳ್ಳೆ ಪಿಸಿಆರ್ ರಿಸಲ್ಟ್ ಬಂದಿದ್ದು ಬಹಳ ಕಮ್ಮಿ ಜನಕ್ಕೆ. 90% ಅಂದ್ರೆ ತಿಂಗಳಲ್ಲಿ ಬರೀ 3 ದಿನ ತಪ್ಪಿಸಿದ ಹಾಗೆ. ಒಂದು ಮದುವೆಗೇ 2 ದಿನ ಹೋಯ್ತು ಅಂದ್ರೆ ಯೋಚನೆ ಮಾಡಿ. ತುಂಬ ವರ್ಷ ಪಿಸಿಆರ್ ಆಳಕ್ಕೆ ಇಳಿದವ್ರಿಗೆ ಡಾಕ್ಟರೇ ನಿಗಾ ಇಟ್ಟು ನಿಲ್ಲಿಸಿ ನೋಡೋದೂ ಉಂಟು, ಆದ್ರೆ ಅದು ಅವ್ರ ತೀರ್ಮಾನ, 5 ವಾರಕ್ಕೆ ಆಗೋ ಮಾತಲ್ಲ.

ನಮ್ ಸೋದರಮಾವ ಇದೇ ಕಾಯಿಲೆಲಿ ಹೋದ್ರು, ಆಗಿನ್ನೂ ಈ ಮಾತ್ರೆ ಇರ್ಲಿಲ್ಲ. ಅಮೆರಿಕದಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. 2013ರಲ್ಲಿ ನಮ್ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂತ ತೀರ್ಪು ಕೊಟ್ಟಿದ್ದಕ್ಕೇ ಇವತ್ತು ನನ್ನಂಥವ್ರಿಗೆ ಜೆನರಿಕ್ ಕೈಗೆಟಕೋ ರೇಟಿಗೆ ಸಿಗ್ತಿದೆ. ಆ ಸ್ಟ್ರಿಪ್ ಕೈಗೆ ತಗೊಂಡಾಗೆಲ್ಲ ಮಾವನ ನೆನಪಾಗತ್ತೆ.

ಜಯನಗರ ಫಾರ್ಮಸಿ ಅಕ್ಕ

ನಾನು 14 ವರ್ಷದಿಂದ ಫಾರ್ಮಸಿಸ್ಟ್. ಮೇಲಿನವ್ರು ಹೇಳಿದ್ದು ಸರಿ, ಬಿಟ್ಟು ಹೋಗಿದ್ದು ನಾನ್ ಹೇಳ್ತೀನಿ.

ಮೊದಲು ನಿಮ್ಮತ್ತಿಗೆ ವಿಷಯ, ಇದನ್ನ ಇವತ್ತೇ ನಿಲ್ಲಿಸಿ. ಇದು ನೋಡಕ್ಕೆ ಬಿಪಿ ಮಾತ್ರೆ ಥರ ಇದ್ರೂ ಕ್ಯಾನ್ಸರ್ ಔಷಧಿ, ಹೊಟ್ಟೆಲಿರೋ ಮಗುಗೆ ಅಪಾಯ ಮಾಡಬಲ್ಲದು. ಬಸುರಿ ಹೆಂಗಸರು ಕತ್ತರಿಸಿದ, ಪುಡಿಯಾದ ಮಾತ್ರೆ ಮುಟ್ಟಲೇಬಾರದು. ಇಷ್ಟು ದಿನ ಮಾಡಿದಾರೆ ಅಂತ ಗಾಬರಿ ಬೇಡ, ಆದ್ರೆ ಮುಂದಿನ ಚೆಕಪ್‌ನಲ್ಲಿ ಅವ್ರ ಹೆರಿಗೆ ಡಾಕ್ಟರ್‌ಗೆ ಹೇಳ್ಲಿ. ನುಂಗಕ್ಕೆ ಆಗ್ದಿದ್ರೆ ಪುಡಿ ಮಾಡೋ ಅಗತ್ಯನೇ ಇಲ್ಲ, 400ರ ಇಡೀ ಮಾತ್ರೆನ 200 ಎಮ್‌ಎಲ್ ನೀರಿಗೆ ಇಲ್ಲಾ ಸೇಬಿನ ಜ್ಯೂಸಿಗೆ ಹಾಕಿ ಚಮಚದಲ್ಲಿ ತಿರುಗಿಸ್ತಾ ಇರಿ, ಕರಗಿದ ತಕ್ಷಣ ಕುಡಿಸ್ಬಿಡಿ, ಕರಗಿಸಿ ಆಮೇಲೆ ಕೊಡೋಣ ಅಂತ ಇಡ್ಬೇಡಿ. ಲೋಟದ ತಳದಲ್ಲಿ ಉಳಿದಿದ್ರೆ ಇನ್ನೊಂಚೂರು ನೀರು ಹಾಕಿ ಅದನ್ನೂ ಕುಡಿಸಿ. ಆ ಲೋಟ ಚಮಚ ಬೇರೆ ಇಟ್ಕೊಳ್ಳಿ, ನೀವೋ ನಿಮ್ಮಣ್ಣನೋ ಗ್ಲೌಸ್ ಹಾಕ್ಕೊಂಡು ತೊಳೀರಿ, ಅತ್ತಿಗೆ ಬೇಡ. ಆದ್ರೆ ನೀವು ಶುರು ಮಾಡೋಕೆ ಮುಂಚೆ ಒಂದ್ಸಲ ನಿಮ್ ಡಾಕ್ಟರ್‌ಗೂ ಹೇಳ್ಬಿಡಿ.

ವಾಂತಿ ಆದ್ರೆ ಇನ್ನೊಂದು ಮಾತ್ರೆ ಕೊಡ್ಬೇಡಿ. ಎಷ್ಟು ಒಳಗೆ ಹೋಯ್ತು ಎಷ್ಟು ಹೊರಗೆ ಬಂತು ನಮಗೆ ಗೊತ್ತಾಗಲ್ಲ, ಡಬಲ್ ಡೋಸ್ ಆಗಬಹುದು. ಮಾರನೇ ದಿನ ಅದೇ ಟೈಮಿಗೆ ಕೊಡಿ. ಪದೇ ಪದೇ ಆಗ್ತಿದ್ರೆ ಫೋನ್ ಮಾಡಿ, ವಾಂತಿ ನಿಲ್ಲೋ ಮಾತ್ರೆ ಬರ್ಕೊಡ್ತಾರೆ. ಮರೆತು ಹೋದ ಡೋಸ್ ಅದೇ ದಿನ ನೆನಪಾದ್ರೆ ಕೊಡಿ, ಮುಂದಿನ ಡೋಸ್ ಟೈಮ್ ಹತ್ರ ಬಂದಿದ್ರೆ ಬಿಟ್ಬಿಡಿ, ನಿನ್ನೇದೂ ಇವತ್ತಿಂದೂ ಒಟ್ಟಿಗೆ ಮಾತ್ರ ಬೇಡ.

ಚಕ್ಕೋತ. ಇದು ಕೇಳಿ ನಂಗೇ ಬೇಜಾರಾಯ್ತು, ದೇವನಹಳ್ಳಿ ಚಕ್ಕೋತ ಅಂದ್ರೆ ಜಿಐ ಟ್ಯಾಗ್ ಇರೋ ಹಣ್ಣು, ದೊಡ್ಡಮ್ಮ ಪ್ರೀತಿಯಿಂದ ತಂದಿದಾರೆ. ಆದ್ರೆ ಬೇಡ. ಇಂಗ್ಲಿಷ್ ಲೀಫ್‌ಲೆಟ್‌ನಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇರತ್ತೆ, ನಮ್ಮವ್ರು ಅದನ್ನ ದ್ರಾಕ್ಷಿ ಅಂದ್ಕೊಂಡು ದ್ರಾಕ್ಷಿ ಬಿಡ್ತಾರೆ, ಚಕ್ಕೋತ ತಿಂತಾರೆ! ಗ್ರೇಪ್‌ಫ್ರೂಟ್ ಚಕ್ಕೋತದ ಸಂತಾನನೇ. ಅದರಲ್ಲಿರೋ ಅಂಶ ಇದರಲ್ಲೂ ಇದೆ, ಕರುಳಲ್ಲಿ ಈ ಔಷಧಿನ ಒಡೆಯೋ ಎನ್‌ಜೈಮ್‌ನ ಅದು ತಡೆದುಬಿಡತ್ತೆ, ಆಗ ರಕ್ತದಲ್ಲಿ ಔಷಧಿ ಏರತ್ತೆ. ಬೆಳಗ್ಗೆ ಹಣ್ಣು ರಾತ್ರಿ ಮಾತ್ರೆ ಅಂತ ಟೈಮ್ ಬಿಟ್ಟು ತಿಂದ್ರೂ ಅಪಾಯ ತಪ್ಪೋದಿಲ್ಲ, ಅದರ ಪ್ರಭಾವ ಒಂದ್ ದಿನಕ್ಕಿಂತ ಜಾಸ್ತಿ ಇರತ್ತೆ. ದ್ರಾಕ್ಷಿ, ಬಾಳೆಹಣ್ಣು, ಸೇಬು ತಿನ್ಲಿ.

ಅಮೃತಬಳ್ಳಿ ಕಷಾಯನೂ ನಿಲ್ಲಿಸಿ. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಕೇಸ್‌ಗಳು ನಮ್ ದೇಶದಲ್ಲೇ ವರದಿಯಾಗಿವೆ, ಇಮಾಟಿನಿಬ್ ಕೂಡ ಲಿವರ್‌ಗೆ ಹೊರೆ ಆಗಬಲ್ಲ ಔಷಧಿ, ಎಲ್‌ಎಫ್‌ಟಿ (ಲಿವರ್ ಟೆಸ್ಟ್) ಏರಿದ್ರೆ ಯಾವುದರಿಂದ ಅಂತ ಡಾಕ್ಟರ್‌ಗೂ ತಿಳಿಯಲ್ಲ. ಆಮೇಲೆ ಅಪ್ಪ ತಗೊಳ್ಳೋ ಬೇರೆ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳನ್ನ ಒಂದು ಕವರ್‌ಗೆ ಹಾಕ್ಕೊಂಡು ಓಪಿಡಿಗೆ ತಗೊಂಡು ಹೋಗಿ. ಬಿಪಿದು, ಕೊಲೆಸ್ಟ್ರಾಲ್‌ದು, ಫಿಟ್ಸ್‌ದು, ಟಿಬಿದು, ರಕ್ತ ತೆಳು ಮಾಡೋದು, ಇವೆಲ್ಲದರಲ್ಲೂ ಹೊಂದಾಣಿಕೆ ಆಗದೇ ಇರೋವು ಇವೆ. ಮೈಕೈ ನೋವಿಗೆ ಅಂಗಡಿಲಿ ಕೇಳಿ ನೋವಿನ ಮಾತ್ರೆ ತರಬೇಡಿ, ಪ್ಯಾರಾಸಿಟಮಾಲ್ ಕೂಡ ಎಷ್ಟು ಅಂತ ಕೇಳಿಯೇ ಕೊಡಿ.

ಜ್ವರ 100.4 ದಾಟಿದ್ರೆ, ಉಸಿರಾಡಕ್ಕೆ ಕಷ್ಟ ಆದ್ರೆ, ಕಣ್ಣು ಹಳದಿಯಾದ್ರೆ, ಮಲ ಕಪ್ಪಗಾದ್ರೆ, ನಾಲ್ಕೈದು ದಿನದಲ್ಲಿ ತೂಕ ಸರ್ರಂತ ಏರಿದ್ರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ಬೇಡಿ, ಆಗಲೇ ಹೋಗಿ.

ಯಲಹಂಕ ಗೃಹಿಣಿ

ನಮ್ ಯಜಮಾನ್ರಿಗೆ ಆಗಿದ್ದು ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ಒಂದು ತಿಂಗಳು ಯಾವಾಗಲೂ ತರೋ ಅಂಗಡಿಲಿ ಸ್ಟಾಕ್ ಇಲ್ಲ ಅಂತ ಬೇರೆ ಕಡೆ ತಂದ್ವಿ. ಔಷಧಿ ಹೆಸರು ಅದೇ, ಮಾತ್ರೆ ಬಣ್ಣನೂ ಹೆಚ್ಚುಕಮ್ಮಿ ಅದೇ. 9 ದಿನ ಆದ್ಮೇಲೆ ಮಗಳು ಡಬ್ಬಿಗೆ ಹಾಕೋವಾಗ "ಅಮ್ಮ, ಇದು ಚಿಕ್ಕದಾಗಿದೆ" ಅಂದ್ಳು. ಸ್ಟ್ರಿಪ್ ತಿರುಗಿಸಿ ನೋಡಿದ್ರೆ 100 ಎಮ್‌ಜಿ! 9 ದಿನ ಕಾಲು ಭಾಗ ಔಷಧಿಲೇ ಇದ್ರು ಇವ್ರು. ಅವತ್ತು ಕೈಕಾಲು ನಡುಗಿಹೋಯ್ತು. ಡಾಕ್ಟರ್ ಬೈಲಿಲ್ಲ, 400 ಮುಂದುವರಿಸಿ ಅಂದ್ರು, ಪಿಸಿಆರ್ ಸ್ವಲ್ಪ ಬೇಗ ಮಾಡಿಸಿದ್ರು, ದೇವರ ದಯೆ ಸರಿ ಇತ್ತು. ಆವಾಗಿಂದ ಅಂಗಡಿ ಕೌಂಟರ್ ಹತ್ರನೇ ನಿಂತು ಹೆಸರು, ಎಮ್‌ಜಿ, ಎಕ್ಸ್‌ಪೈರಿ ಮೂರನ್ನೂ ಚೀಟಿ ಜೊತೆ ಇಟ್ಟು ಓದ್ತೀನಿ, ಹಿಂದೆ ಎಷ್ಟು ಜನ ನಿಂತಿದ್ರೂ ಸರಿ. ಮಾತ್ರೆ ಇನ್ನೂ 10 ದಿನಕ್ಕೆ ಇರೋವಾಗ್ಲೇ ಮುಂದಿನದು ತಂದಿಡ್ತೀನಿ, ಬಂದ್, ಹಬ್ಬ ಅಂತ ಸಿಗದೇ ಹೋಗಬಾರದು.

ಇನ್ನೊಂದು, ಮಾತ್ರೆನ ಒಲೆ ಮೇಲಿನ ಶೆಲ್ಫ್‌ನಲ್ಲಿ ಇಡ್ಬೇಡಿ, ಬಿಸಿ ಹಬೆ ತಾಗತ್ತೆ.

ವಿಜಯನಗರ ವಾಸಿ

ಭಾವನ ಮನೆಗೆ ಫೋನ್ ಮಾಡಿ ಸ್ಟ್ರಿಪ್ ಓದಿಸ್ದೆ, ನಿಲೋಟಿನಿಬ್ಬೇ. 11 ವರ್ಷದವರೇ, ತಿದ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್. ತಾಯಿ, ನಾನ್ ಹೇಳಿದ್ದು ದಯವಿಟ್ಟು ಮಾಡ್ಬೇಡಿ, ಕ್ಷಮಿಸಿ.

ಮಾಗಡಿರೋಡ್ ಮಗಳು

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ. ನಿನ್ನೆ ಆಸ್ಪತ್ರೆ ನಂಬರಿಗೆ ಫೋನ್ ಮಾಡಿ ಎಲ್ಲಾ ಹೇಳ್ದೆ, 2 ದಿನ ಬಿಟ್ಟಿದ್ದೂ, ಡಬಲ್ ಕೊಟ್ಟಿದ್ದೂ. ರಾತ್ರಿ ಊಟಕ್ಕೆ ಬದಲಾಯಿಸಿ, ನೀರಲ್ಲಿ ಕರಗಿಸಿ ಕೊಡಬಹುದು ಅಂದ್ರು, ಸೋಮವಾರ ಲಿವರ್ ಟೆಸ್ಟ್‌ಗೆ ಕರೆದಿದಾರೆ. ಕಷಾಯದ ಪಾತ್ರೆ ಅಮ್ಮನೇ ಎತ್ತಿಟ್ರು. ಅತ್ತಿಗೆ ಅತ್ತುಬಿಟ್ರು, ಅವ್ರಿಗೆ ನಾಳೆನೇ ಡಾಕ್ಟರ್ ಹತ್ರ ಹೋಗ್ತಿದೀವಿ.

ಅಪ್ಪಂಗೆ 11 ವರ್ಷದ ಅಣ್ಣ ಬರೆದಿದ್ದನ್ನ ಜೋರಾಗಿ ಓದಿ ಹೇಳ್ದೆ. ಮಾವನ ವಿಷಯ ಬಂದಾಗ ಸುಮ್ಮನಾಗ್ಬಿಟ್ರು. ಆಮೇಲೆ ಗೋಡೆ ಕ್ಯಾಲೆಂಡರ್ ಇಳಿಸಿ ಪೆನ್ ಕೇಳಿದ್ರು, ತಪ್ಪಿಸಿದ ಎರಡು ದಿನಕ್ಕೆ ತಾವೇ ಸೊನ್ನೆ ಸುತ್ತಿ, ರಾತ್ರಿ ಮುದ್ದೆ ಮಧ್ಯೆ ಮಾತ್ರೆ ನೀರು ಕುಡಿದ್ಮೇಲೆ ಇವತ್ತಿನ ತಾರೀಖಿಗೆ ಟಿಕ್ ಹಾಕಿದ್ರು. ಚಕ್ಕೋತದ ಚೀಲ ನಾನು ಪಕ್ಕದ ಮನೆ ಆಂಟಿಗೆ ಕೊಟ್ಬಂದೆ, ಅವ್ರು ಯಾವ ಮಾತ್ರೆನೂ ತಗೊಳ್ಳಲ್ಲ ಅಂತ ಕೇಳ್ಕೊಂಡೇ ಕೊಟ್ಟೆ.