ಪ್ಲಾಸ್ಟರ್‌ಬೋರ್ಡ್ ಗೋಡೆಗೆ ತೇಗದ ದೇವರ ಮಂಟಪ: ಸೆಟ್ಟಿಂಗ್ ಟೂಲ್ ಇದ್ದರೆ ಸಾಕೇ?

ತುಂಗಾತೀರ (ರೆಡಿಂಗ್, ಇಂಗ್ಲೆಂಡ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಕೊಂಡ ಹೊಸ ಮನೆಯಲ್ಲಿ ಎಲ್ಲಿ ಬೆರಳು ಮಡಚಿ ತಟ್ಟಿದರೂ ಪ್ಲಾಸ್ಟರ್‌ಬೋರ್ಡಿನ ಟೊಳ್ಳು ಸದ್ದೇ ಕೇಳಿಸುತ್ತದೆ. ಸಾಗರದ ಗುಡಿಗಾರರೊಬ್ಬರಿಂದ ಅಮ್ಮ ಮಾಡಿಸಿ ಹಡಗಿನಲ್ಲಿ ಕಳುಹಿಸಿದ ತೇಗದ ಮಂಟಪವನ್ನು ಊಟದ ಕೋಣೆಯ ಗೋಡೆಗೆ ತೂಗುಹಾಕಬೇಕಾಗಿದೆ. ಮಂಟಪದ ತೂಕ 24 ಕಿಲೋ. ಹಿತ್ತಾಳೆಯ ವಿಗ್ರಹಗಳು, ದೀಪ, ಪೂಜಾ ಸಾಮಗ್ರಿ ಸೇರಿದರೆ 32 ಕಿಲೋ ಆಗುತ್ತದೆ. ಅಗಲ 55 ಸೆಂ.ಮೀ., ಎತ್ತರ 65 ಸೆಂ.ಮೀ., ಗೋಡೆಯಿಂದ ಮುಂದಕ್ಕೆ ಬರುವುದು 34 ಸೆಂ.ಮೀ.

ಅಂಗಡಿಯಲ್ಲಿ ವಿಚಾರಿಸಿದಾಗ ಬೋರ್ಡಿನ ಹಿಂದೆ ಕಾಲು ಬಿಚ್ಚಿಕೊಂಡು ಸ್ಕ್ರೂವನ್ನು ಹಿಡಿಯುವ ಲೋಹದ ಟೊಳ್ಳುಗೋಡೆ ಆ್ಯಂಕರ್‌ಗಳನ್ನೂ, ಅವುಗಳನ್ನು ಬಿಗಿಯುವ ಇಕ್ಕಳದಂತಹ ಸೆಟ್ಟಿಂಗ್ ಟೂಲನ್ನೂ ಕೊಟ್ಟು, ನಾಲ್ಕು ಆ್ಯಂಕರ್ ಹಾಕಿದರೆ ಏನೂ ಯೋಚಿಸಬೇಕಾಗಿಲ್ಲ ಎಂದರು. ಪೊಟ್ಟಣದ ಮೇಲಿನ ತೂಕದ ಅಂಕಿಯನ್ನು ನೋಡಿದರೆ ಅದು ನಿಜವೆನಿಸುತ್ತದೆ. ಆದರೆ ಮಂಟಪದ ಮುಂದೆ ದಿನವೂ ನಮ್ಮ ಐದು ವರ್ಷದ ಮಗಳು ಕೈಮುಗಿದು ನಿಲ್ಲುತ್ತಾಳೆ. ಆದ್ದರಿಂದ ಅಂಗಡಿಯವರ ಮಾತೊಂದನ್ನೇ ನಂಬಿ ಡ್ರಿಲ್ ಎತ್ತಿಕೊಳ್ಳಲು ಧೈರ್ಯ ಸಾಲುತ್ತಿಲ್ಲ. ಈ ಉಪಕರಣವನ್ನು ಬಳಸಿದವರು ದಯವಿಟ್ಟು ತಿಳಿಸಬೇಕು.

ಕಲ್ಲುಬಂಡೆ (ಮ್ಯಾಂಚೆಸ್ಟರ್) ಬರೆದದ್ದು:

ತುಂಗಾತೀರ ಅವರೇ, ಡ್ರಿಲ್ ಎತ್ತಿಕೊಳ್ಳದೆ ಮೊದಲು ಕೇಳಿದ್ದು ಒಳ್ಳೆಯದಾಯಿತು. ಹದಿನೈದು ವರ್ಷಗಳಿಂದ ಕಟ್ಟಡಗಳ ಒಳಾಂಗಣ ಕೆಲಸದಲ್ಲಿರುವ ನಾನು ಆ ಉಪಕರಣವನ್ನು ಬಹಳ ಮೆಚ್ಚುತ್ತೇನೆ. ಆದರೆ ಅದು ಆ್ಯಂಕರನ್ನು ಸರಿಯಾಗಿ ಕೂರಿಸುತ್ತದೆಯೇ ಹೊರತು ಗೋಡೆಗೆ ಇಲ್ಲದ ಬಲವನ್ನು ತಂದುಕೊಡುವುದಿಲ್ಲ. ಇಲ್ಲಿನ ಸಾಮಾನ್ಯ ಬೋರ್ಡ್ 12.5 ಮಿ.ಮೀ. ದಪ್ಪ, ಎರಡು ಕಾಗದಗಳ ನಡುವೆ ಜಿಪ್ಸಮ್. ಕಾಗದ ಹರಿಯುವವರೆಗೆ ಅದು ಗಟ್ಟಿ, ಹರಿದ ಮೇಲೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ.

ಆದ್ದರಿಂದ ಬೋರ್ಡಿನ ಹಿಂದೆ ಏನಿದೆ ಎಂಬುದೇ ಮೊದಲ ಪ್ರಶ್ನೆ. ಇಂಗ್ಲೆಂಡಿನ ಹೊಸ ಮನೆಗಳಲ್ಲಿ ಎರಡು ಬಗೆ ಹೆಚ್ಚು. ಒಳಗೋಡೆಗಳಲ್ಲಿ ಮರದ ಅಥವಾ ಲೋಹದ ನಿಲುಪಟ್ಟಿಗಳನ್ನು, ಅಂದರೆ ಸ್ಟಡ್‌ಗಳನ್ನು 400 ಇಲ್ಲವೇ 600 ಮಿ.ಮೀ. ಅಂತರದಲ್ಲಿ ನಿಲ್ಲಿಸಿ ಎರಡೂ ಬದಿಗೆ ಬೋರ್ಡ್ ಹೊಡೆದಿರುತ್ತಾರೆ. ಹೊರಗೋಡೆಗಳ ಒಳಮೈಯಲ್ಲಿ ಕಾಂಕ್ರೀಟ್ ಬ್ಲಾಕಿಗೆ ಅಂಟಿನ ಮುದ್ದೆಗಳನ್ನು ಮೆತ್ತಿ ಬೋರ್ಡನ್ನು ಒತ್ತಿ ಕೂರಿಸಿರುತ್ತಾರೆ. ಇದಕ್ಕೆ ಡಾಟ್ ಆ್ಯಂಡ್ ಡ್ಯಾಬ್ ಎನ್ನುತ್ತಾರೆ. ತಟ್ಟಿದರೆ ಎರಡೂ ಟೊಳ್ಳಾಗಿಯೇ ಕೇಳಿಸುವುದರಿಂದ ಕಿವಿಯನ್ನು ನಂಬಬೇಡಿ. ಮಂಟಪದ ಹಿಂದೆ ಮರೆಯಾಗುವ ಜಾಗದಲ್ಲಿ 5 ಮಿ.ಮೀ. ತೂತು ಕೊರೆದು ತಂತಿಯನ್ನು ತೂರಿಸಿ ನೋಡಿ. ಬೋರ್ಡ್ ದಾಟಿ ಒಂದೆರಡು ಸೆಂಟಿಮೀಟರಿನೊಳಗೆ ತಂತಿ ಗಟ್ಟಿಯಾದದ್ದಕ್ಕೆ ತಾಗಿ ನಿಂತರೆ ಅದು ಬ್ಲಾಕ್. ಆರೇಳು ಸೆಂಟಿಮೀಟರ್ ಖಾಲಿ ಹೋದರೆ ಸ್ಟಡ್ ಗೋಡೆ. ಬ್ಲಾಕಿನ ಗೋಡೆಯಾಗಿದ್ದರೆ ನಿಮ್ಮ ಆ್ಯಂಕರ್ ಅಲ್ಲಿ ನಿಷ್ಪ್ರಯೋಜಕ, ಏಕೆಂದರೆ ಅದರ ಕಾಲುಗಳು ಬಿಚ್ಚಿಕೊಳ್ಳಲು ಹಿಂದೆ ಜಾಗವೇ ಇರುವುದಿಲ್ಲ. ಬೋರ್ಡನ್ನೂ ಅಂತರವನ್ನೂ ದಾಟಿ ಬ್ಲಾಕಿನೊಳಗೇ ಹಿಡಿಯುವ ಉದ್ದನೆಯ ಫಿಕ್ಸಿಂಗ್ ಅಲ್ಲಿ ಬೇಕಾಗುತ್ತದೆ.

ಕೊರೆಯುವ ಮುನ್ನ ವಿದ್ಯುತ್ ತಂತಿಯ ದಾರಿಯನ್ನು ಗಮನಿಸಿ. ಸಾಕೆಟ್ ಅಥವಾ ಸ್ವಿಚ್ಚಿನ ನೇರ ಮೇಲೆ, ಕೆಳಗೆ ಮತ್ತು ಅಡ್ಡಕ್ಕೆ, ಛಾವಣಿಯಿಂದ 150 ಮಿ.ಮೀ. ಒಳಗೆ, ಗೋಡೆಯ ಮೂಲೆಗಳಿಂದ 150 ಮಿ.ಮೀ. ಒಳಗೆ ತಂತಿ ಎಳೆಯಲು ಇಲ್ಲಿನ ನಿಯಮ ಅವಕಾಶ ಕೊಡುತ್ತದೆ. ಅಲ್ಲಿ ತಂತಿ ಇದ್ದೇ ಇದೆ ಎಂದು ಭಾವಿಸಿಯೇ ಕೆಲಸ ಮಾಡಬೇಕು. ಮಂಟಪದ ದೀಪಕ್ಕೆಂದು ಕೆಳಗೊಂದು ಸಾಕೆಟ್ ಇರುವ ಜಾಗವನ್ನೇ ನೀವು ಆರಿಸಿರಬಹುದು. ಹಾಗಿದ್ದರೆ ಅದರ ನೇರಕ್ಕೆ ತೂತು ಹಾಕಲೇಬೇಡಿ.

ಇನ್ನು ತೂಕದ ಲೆಕ್ಕ. ಕೆಳಕ್ಕೆ ಎಳೆಯುವ 32 ಕಿಲೋಗಿಂತ ಮುಂದಕ್ಕೆ ಕೀಳುವ ಬಲವೇ ಈ ಗೋಡೆಗಳಿಗೆ ಹೆಚ್ಚು ಅಪಾಯಕಾರಿ. ನಿಮ್ಮ ಮಂಟಪದ ಭಾರಕೇಂದ್ರ ಗೋಡೆಯಿಂದ ಸುಮಾರು 17 ಸೆಂ.ಮೀ. ದೂರದಲ್ಲಿದೆ. ಮೇಲಿನ ಸ್ಕ್ರೂಗಳಿಗೂ ಮಂಟಪ ಗೋಡೆಗೆ ಒತ್ತುವ ಕೆಳಗಿನ ಅಂಚಿಗೂ 50 ಸೆಂ.ಮೀ. ಅಂತರವಿದ್ದರೆ, ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ ಒಟ್ಟು 11 ಕಿಲೋ ಆಗುತ್ತದೆ. ಇದೇ 32 ಕಿಲೋದ ಟಿ.ವಿ.ಯನ್ನು ಚಾಚುವ ತೋಳಿನ ಮೇಲೆ 50 ಸೆಂ.ಮೀ. ಹೊರಗೆ ಎಳೆದರೆ, ಬ್ರಾಕೆಟ್ಟಿನ ಬೋಲ್ಟುಗಳ ಅಂತರ 20 ಸೆಂ.ಮೀ. ಇದ್ದಲ್ಲಿ, ಅದು 80 ಕಿಲೋಗೆ ಏರುತ್ತದೆ. ಮಂಟಪವು ಅಷ್ಟು ಕೆಟ್ಟ ಹೊರೆಯಲ್ಲ ಎಂಬುದು ಸಮಾಧಾನದ ಸಂಗತಿ. ಆದರೂ ಪೊಟ್ಟಣದ ಮೇಲಿರುವುದು ಕಿತ್ತುಬರುವ ತೂಕವೋ ನೆಚ್ಚಬಹುದಾದ ತೂಕವೋ ಎಂದು ಸ್ಪಷ್ಟವಾಗದಿದ್ದರೆ, ನಾನು ಅದರ ನಾಲ್ಕನೇ ಒಂದು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ಉಳಿಬಾಚಿ (ಬೆಂಗಳೂರು) ಬರೆದದ್ದು:

ನಮ್ಮಲ್ಲಿ ಆಫೀಸುಗಳ ಪಾರ್ಟಿಷನ್‌ಗಳಿಗೆ ಇದೇ ಜಿಪ್ಸಮ್ ಬೋರ್ಡನ್ನು ಜಿ.ಐ. (ಸತು ಲೇಪಿಸಿದ ಉಕ್ಕಿನ ತಗಡು) ಚೌಕಟ್ಟಿನ ಮೇಲೆ ಹೊಡೆಯುತ್ತೇವೆ. ಆ ತಗಡಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟೇ ಇರುವುದರಿಂದ, ಸ್ಟಡ್ ಸಿಕ್ಕಿತೆಂದು ಅದಕ್ಕೆ ಮರದ ಸ್ಕ್ರೂ ಬಿಗಿದು ಭಾರ ತೂಗುಹಾಕುವುದು ಸರಿಯಲ್ಲ. ನಿಮ್ಮ ಸ್ಟಡ್ ಮರದ್ದೋ ಲೋಹದ್ದೋ ಎಂದು ತಿಳಿಯಲು 2 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕೊರೆದು ನೋಡಿ. ಮರವಾದರೆ ಬಿಟ್ಟಿನ ಸುರುಳಿಯಲ್ಲಿ ಹೊಟ್ಟು ಸಿಕ್ಕಿಕೊಂಡು ಬರುತ್ತದೆ; ಲೋಹವಾದರೆ ಬಿಟ್ಟು ಒಂದು ಕ್ಷಣ ಜಾರಿ, ಆಮೇಲೆ ಒಮ್ಮೆಗೇ ಒಳಕ್ಕೆ ನುಗ್ಗುತ್ತದೆ.

ಭಾರದ ಕಪಾಟು ಬರುವ ಜಾಗ ಮೊದಲೇ ಗೊತ್ತಿದ್ದರೆ ನಾವು ಬೋರ್ಡ್ ಮುಚ್ಚುವ ಮೊದಲು 18 ಮಿ.ಮೀ. ಪ್ಲೈವುಡ್ಡನ್ನು ಚೌಕಟ್ಟಿನೊಳಗೆ ಕೂರಿಸಿ ಫೋಟೊ ತೆಗೆದಿಟ್ಟುಕೊಳ್ಳುತ್ತೇವೆ. ನಿಮ್ಮ ಗೋಡೆ ಈಗಾಗಲೇ ಮುಚ್ಚಿರುವುದರಿಂದ ಅದೇ ಪ್ಲೈವುಡ್ಡನ್ನು ಹೊರಗಿನಿಂದ, ಎರಡು ಸ್ಟಡ್‌ಗಳಿಗೆ ಅಡ್ಡಲಾಗಿ ಹೊಡೆಯಿರಿ. ಅಂಚಿಗೆ ತೇಗದ ಪಟ್ಟಿ ಕೊಟ್ಟು ಮುಖಕ್ಕೆ ತೇಗದ ವಿನೀರ್ (ತೆಳು ಮರದ ಹಾಳೆ) ಹಚ್ಚಿದರೆ ಅದು ಮಂಟಪದ ಹಿಂಬದಿಯ ಹಲಗೆಯಂತೆಯೇ ಕಾಣುತ್ತದೆ, ತೇಪೆ ಹಾಕಿದಂತೆ ಕಾಣುವುದಿಲ್ಲ.

ಹಡ್ಸನ್ ದಂಡೆ (ನ್ಯೂಜೆರ್ಸಿ) ಬರೆದದ್ದು:

ಅಮೆರಿಕದ ಮನೆಗಳಲ್ಲಿ ಸ್ಟಡ್‌ಗಳ ಅಂತರ ಸಾಮಾನ್ಯವಾಗಿ 16 ಅಂಗುಲ, ಅಂದರೆ 406 ಮಿ.ಮೀ. ಇರುವುದರಿಂದ 55 ಸೆಂ.ಮೀ. ಅಗಲದ ಮಂಟಪಕ್ಕೆ ಎರಡು ಸ್ಟಡ್‌ಗಳು ಬಹುಮಟ್ಟಿಗೆ ಸಿಕ್ಕಿಬಿಡುತ್ತವೆ. ನಮಗೆ ಈ ಕಷ್ಟ ಅಷ್ಟಾಗಿ ಇಲ್ಲ. ಸ್ಟಡ್ ಹುಡುಕಲು ದುಬಾರಿ ಉಪಕರಣಕ್ಕಿಂತ ಪುಟ್ಟ ಅಯಸ್ಕಾಂತವನ್ನೇ ನಾನು ಹೆಚ್ಚು ನಂಬುತ್ತೇನೆ. ಗೋಡೆಯ ಮೇಲೆ ಮೆಲ್ಲನೆ ಜಾರಿಸುತ್ತ ಹೋದರೆ ಬೋರ್ಡಿನ ಸ್ಕ್ರೂ ಇರುವಲ್ಲಿ ಅದು ಕಚ್ಚಿಕೊಳ್ಳುತ್ತದೆ. ಅದರ ಮೇಲೂ ಕೆಳಗೂ ಅದೇ ನೇರದಲ್ಲಿ ಇನ್ನೆರಡು ಸಿಕ್ಕರೆ ಅದೇ ಸ್ಟಡ್.

ತುಂಗಾತೀರ ಬರೆದದ್ದು:

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆಯೇ ನೋಡಿದೆ. ತಂತಿ ಸುಮಾರು 6 ಸೆಂ.ಮೀ. ಖಾಲಿ ಹೋಗಿ ಆಚೆಯ ಬೋರ್ಡಿಗೆ ತಾಗಿತು. ಅಯಸ್ಕಾಂತದಿಂದ ಎರಡು ಸಾಲುಗಳು ಸಿಕ್ಕವು. ಅಂತರ 600 ಮಿ.ಮೀ., ಬಿಟ್ಟಿನಲ್ಲಿ ಮರದ ಹೊಟ್ಟು ಬಂದಿತು. ಹಾಗಾಗಿ 55 ಸೆಂ.ಮೀ. ಅಗಲದ ಮಂಟಪವು ಎರಡು ಸ್ಟಡ್‌ಗಳ ನಡುವೆಯೇ ಬಂದುಬಿಡುತ್ತದೆ. ಸಾಕೆಟ್ ಎಡಗಡೆಯ ಸ್ಟಡ್ಡಿಗೆ ಒಂದು ಗೇಣು ದೂರದಲ್ಲಿದೆ. ಹಲಗೆಯ ಉಪಾಯವನ್ನೇ ಅನುಸರಿಸುವುದಾದರೆ ಸ್ಕ್ರೂ ಎಷ್ಟು ಉದ್ದದ್ದಿರಬೇಕು? ಕೊಂಡ ಸೆಟ್ಟಿಂಗ್ ಟೂಲನ್ನು ಹಿಂದಿರುಗಿಸಲೇ?

ಕಲ್ಲುಬಂಡೆ ಬರೆದದ್ದು:

ಉಳಿಬಾಚಿಯವರ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ. ಹಲಗೆ 18 ಮಿ.ಮೀ., ಬೋರ್ಡ್ 12.5 ಮಿ.ಮೀ.; 6 ಮಿ.ಮೀ. ದಪ್ಪದ 70 ಮಿ.ಮೀ. ಸ್ಕ್ರೂ ಹಾಕಿದರೆ ಮರದೊಳಗೆ 39 ಮಿ.ಮೀ. ಸಿಗುತ್ತದೆ, ಸ್ಟಡ್ಡಿನ ಆಳಕ್ಕೆ ಅದು ಸರಿಹೋಗುತ್ತದೆ. ಸ್ಟಡ್ಡಿನ ಮುಖ 38 ಮಿ.ಮೀ. ಮಾತ್ರ ಇರುವುದರಿಂದ ನಡುವನ್ನು ಖಚಿತಪಡಿಸಿಕೊಂಡು, 4 ಮಿ.ಮೀ. ಬಿಟ್ಟಿನಿಂದ ಮೊದಲು ದಾರಿ ಕೊರೆದು, ಒಂದೊಂದು ಸ್ಟಡ್ಡಿಗೆ ನಾಲ್ಕರಂತೆ ಬಿಗಿಯಿರಿ. ಹಲಗೆಯನ್ನು ರಸಮಟ್ಟ ಇಟ್ಟು ನೋಡಿ ಗುರುತು ಮಾಡಿ. ಬಳಿಕ 45 ಡಿಗ್ರಿ ಓರೆಯಾಗಿ ಸೀಳಿದ ಮರದ ಪಟ್ಟಿಯ ಒಂದು ಭಾಗವನ್ನು ಹಲಗೆಗೂ ಇನ್ನೊಂದನ್ನು ಮಂಟಪದ ಬೆನ್ನಿಗೂ ಹೊಡೆದರೆ, ಮಂಟಪವನ್ನು ಎತ್ತಿ ಅದರ ಮೇಲೆ ಕೂರಿಸಬಹುದು. ಹಬ್ಬಕ್ಕೆ ಮುನ್ನ ಒರೆಸಿ ತೊಳೆಯಲು ಇಳಿಸುವುದೂ ಸುಲಭ.

ಟೂಲನ್ನು ಹಿಂದಿರುಗಿಸಬೇಡಿ. ತೂಗುದೀಪದ ಕೊಕ್ಕೆ, ಗಂಟೆ, ದೇವರ ಪಟಗಳಂತಹ ಎರಡು ಮೂರು ಕಿಲೋದ ವಸ್ತುಗಳಿಗೆ, ಸ್ಟಡ್ ಸಿಗದ ಕಡೆ, ಆ ಆ್ಯಂಕರ್ ಬಹಳ ಒಳ್ಳೆಯದು. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಇಲ್ಲದಿದ್ದರೆ ಬೋರ್ಡಿನ ಹಿಂಬದಿಯ ಕಾಗದ ಸಿಡಿದು, ಆ್ಯಂಕರಿನ ಕಾಲುಗಳು ಒತ್ತಬೇಕಾದ ಜಾಗವೇ ಪುಡಿಯಾಗುತ್ತದೆ. ಪೊಟ್ಟಣದಲ್ಲಿ ಹೇಳಿದ ಅಳತೆಯ ತೂತು ಹಾಕಿ, ಆ್ಯಂಕರನ್ನು ಮೆಲ್ಲಗೆ ತಟ್ಟಿ, ಅದರ ಕುತ್ತಿಗೆಯ ಎರಡು ಪುಟ್ಟ ಮುಳ್ಳುಗಳು ಕಾಗದಕ್ಕೆ ಕಚ್ಚುವಂತೆ ಕೂರಿಸಿ. ಟೂಲಿನ ಬಾಯನ್ನು ಸ್ಕ್ರೂವಿನ ತಲೆಯ ಕೆಳಗೆ ಸಿಕ್ಕಿಸಿ ಹಿಡಿಯನ್ನು ಅದುಮಿದರೆ ಸ್ಕ್ರೂ ತಿರುಗದೆ ನೇರವಾಗಿ ಹಿಂದಕ್ಕೆ ಬರುತ್ತದೆ, ಒಳಗಿನ ಕಾಲುಗಳು ಛತ್ರಿಯಂತೆ ಅರಳುತ್ತವೆ. ಮೊದಲು ಹಿಡಿ ಸಲೀಸಾಗಿ ಬರುತ್ತದೆ, ಆಮೇಲೆ ಕೈಗೆ ಒಮ್ಮೆಗೇ ಬಿಗಿ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು; ಇನ್ನೊಂದು ಸಲ ಅದುಮಿದರೆ ಜಿಪ್ಸಮ್ ಜಜ್ಜಿಹೋಗುತ್ತದೆ. ಮೊದಲ ವರ್ಷ ನಾನು ಟೂಲ್ ಇಲ್ಲದೆ ಸ್ಕ್ರೂಡ್ರೈವರಿನಲ್ಲೇ ತಿರುಗಿಸುತ್ತಿದ್ದೆ. ಒಮ್ಮೆ ಅಡುಗೆಮನೆಯ ಕಪಾಟೊಂದಕ್ಕೆ ಹಾಕಿದ ಆ್ಯಂಕರ್ ಸ್ಕ್ರೂವಿನ ಜೊತೆಗೇ ಸುತ್ತಿ, ಕಾಲುಗಳು ಅರ್ಧ ಮಾತ್ರ ಬಿಚ್ಚಿಕೊಂಡಿದ್ದವು. ಹೊರಗಿನಿಂದ ಏನೂ ತಿಳಿಯಲಿಲ್ಲ. ಮೂರು ವಾರಗಳ ನಂತರ ರಾತ್ರಿ ಅದು ಪಾತ್ರೆಗಳ ಸಮೇತ ಕೆಳಗೆ ಬಿತ್ತು. ಯಾರೂ ಅಲ್ಲಿರಲಿಲ್ಲ ಎಂಬುದನ್ನು ಇಂದಿಗೂ ನೆನೆಯುತ್ತೇನೆ.

ತುಂಗಾತೀರ ಬರೆದದ್ದು:

ಕೆಲಸ ಮುಗಿಯಿತು, ಮುಂದೆ ಓದುವವರಿಗೆ ಉಪಯೋಗವಾಗಲೆಂದು ವಿವರ ಬರೆಯುತ್ತಿದ್ದೇನೆ. ಹಲಗೆಯನ್ನು 75 ಸೆಂ.ಮೀ. ಅಗಲಕ್ಕೆ ಕೊಯ್ಯಿಸಿ, ಎರಡು ಸ್ಟಡ್‌ಗಳಿಗೆ ಎಂಟು ಸ್ಕ್ರೂ ಬಿಗಿದೆ. ಎಡಗಡೆ ಎರಡನೆಯ ಸ್ಕ್ರೂ ಸ್ಟಡ್ಡಿನ ಅಂಚಿಗೆ ಹೋಗಿ ಹಿಡಿತವಿಲ್ಲದೆ ತಿರುಗತೊಡಗಿದ್ದರಿಂದ, ಅದನ್ನು ತೆಗೆದು 15 ಮಿ.ಮೀ. ಬಲಕ್ಕೆ ಹೊಸದಾಗಿ ಕೊರೆಯಬೇಕಾಯಿತು. ಓರೆಪಟ್ಟಿಯ ಮೇಲೆ ಮಂಟಪವನ್ನು ಕೂರಿಸಿ, ವಿಗ್ರಹಗಳ ಬದಲು 10 ಕಿಲೋದ ಎರಡು ಸೋನಾ ಮಸೂರಿ ಚೀಲಗಳನ್ನು ಒಳಗಿಟ್ಟು, ಹಲಗೆಯ ಮೇಲಂಚಿನ ಗುಂಟ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಮೂರು ದಿನ ಹಾಗೆಯೇ ಬಿಟ್ಟೆ. ಒಟ್ಟು 44 ಕಿಲೋದ ಭಾರಕ್ಕೂ ಹಲಗೆ ಗೆರೆಯಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ತೂಗುದೀಪದ ಕೊಕ್ಕೆಯನ್ನು ಮಾತ್ರ ಆ್ಯಂಕರ್ ಮತ್ತು ಸೆಟ್ಟಿಂಗ್ ಟೂಲಿನಿಂದ ಹಾಕಿದೆ. ಕೈಗೆ ಬಿಗಿ ತಿಳಿಯುವ ಆ ಕ್ಷಣ ನೀವು ಬರೆದಂತೆಯೇ ಇತ್ತು, ಅಲ್ಲಿಗೇ ನಿಲ್ಲಿಸಿದೆ. ಶುಕ್ರವಾರ ಅಕ್ಕಿಯ ಚೀಲಗಳನ್ನು ಇಳಿಸಿ ವಿಗ್ರಹಗಳನ್ನು ಇಟ್ಟೆವು. ಅಮ್ಮ ಫೋನಿನಲ್ಲಿ ನೋಡುತ್ತಿದ್ದಂತೆ ಮಗಳು ಬತ್ತಿ ಹೊಸೆದುಕೊಟ್ಟಳು. ಪೆನ್ಸಿಲ್ ಗೆರೆಯನ್ನು ಅಳಿಸಿಲ್ಲ, ತಿಂಗಳಿಗೊಮ್ಮೆ ನೋಡುತ್ತೇನೆ.