ಅಳಿಯಂದ್ರ ಹಿಮಗಾಡಿಗೆ ಹದಡಿ ರಸ್ತೆಯ ಡೆಕ್ಕು

ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಹಿಮದ ಮಾತಾಡುವವರು ಎರಡೇ ತರದ ಜನ. ಐಸ್‌ಕ್ಯಾಂಡಿ ಮಾರುವವರು, ಇಲ್ಲಾ ಅಮೆರಿಕದಲ್ಲಿ ಅಳಿಯ ಇರುವವರು. ನಮ್ಮ ಮೇಷ್ಟ್ರು ಎರಡನೇ ಪೈಕಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಮಗಳು, ಅಳಿಯ ಮಿನ್ನೆಸೋಟಾದಲ್ಲಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿದರೂ ಯಾರೂ ಸುದ್ದಿ ಮಾಡುವುದಿಲ್ಲವಂತೆ. ಇಲ್ಲಿ ನಮಗೆ ರೋಡಿನ ಟಾರು ಚಪ್ಪಲಿಗೆ ಅಂಟುವ ಕಾಲ.

ಅವತ್ತು ಸಂಜೆ ಹದಡಿ ರಸ್ತೆಯಲ್ಲಿ ರುದ್ರಣ್ಣನ ವೆಲ್ಡಿಂಗ್ ಶಾಪಿನ ಮುಂದೆ ಸೇರಿದ್ದೆವು. ಕರೆಂಟ್ ಹೋಗಿತ್ತು, ಹಾಗಾಗಿ ರುದ್ರಣ್ಣನಿಗೆ ಪುರುಸೊತ್ತು. ಶಾಮಿಯಾನದ ಗೌಡ್ರು ಪೇಪರ್ ಮೇಲೆ ಮಂಡಕ್ಕಿ ಹರವಿಕೊಂಡು ಮಿರ್ಚಿ ಮುರಿಯುತ್ತಿದ್ದರು. ಮೇಷ್ಟ್ರು ಬಂದವರೇ ಫೋನ್ ಮುಂದೆ ಹಿಡಿದರು.

“ರುದ್ರಣ್ಣ, ನಮ್ಮ ಅಳಿಯಂದ್ರು ಒಂದು ಡ್ರಾಯಿಂಗ್ ಕಳಿಸಿದ್ದಾರೆ. ಸ್ವಲ್ಪ ನೋಡಿ ಹೇಳಪ್ಪ.”

ರುದ್ರಣ್ಣ ಕೈ ಒರೆಸಿಕೊಂಡು ನೋಡಿದ. “ಏನ್ ಮೇಷ್ಟ್ರೇ ಇದು, ಮಂಚನಾ?”

“ಮಂಚ ಅಲ್ಲ ಮಾರಾಯ, ಡೆಕ್ಕು. ಪಿಕಪ್ ಮೇಲೆ ಕೂರಿಸೋದು. ಹಿಂದಕ್ಕೆ ಬಾಗುತ್ತೆ. ಆಗ ಸ್ನೋಮೊಬೈಲ್ ಹತ್ತಿಸೋದು.”

“ಅದ್ಯಾವ ಪ್ರಾಣಿ?”

ಮೇಷ್ಟ್ರಿಗೆ ಇಷ್ಟು ಸಾಕಾಯಿತು. ಪಾಠ ಶುರು. ಮುಂದೆ ಹಿಮದ ಮೇಲೆ ಜಾರಲು ಎರಡು ಸ್ಕೀ. ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟಿ, ಅದೇ ಸುತ್ತುತ್ತಾ ಗಾಡಿಯನ್ನು ನೂಕುತ್ತದೆ. ಬೈಕಿನಂಥ ಹ್ಯಾಂಡಲ್. ಉದ್ದ ಸುಮಾರು 10 ಅಡಿ, ಅಗಲ 4 ಅಡಿ, ತೂಕ 200ರಿಂದ 270 ಕೆಜಿ. ಈಗ ಅಲ್ಲಿ ಹಿಮ ಕರಗುವ ಹೊತ್ತು, ಸೆಕೆಂಡ್ ಹ್ಯಾಂಡ್ ಗಾಡಿ ಅಗ್ಗ ಅಂತ ಅಳಿಯ ಒಂದನ್ನು ಕೊಂಡಿದ್ದಾನೆ. ಈ ಮಾತು ಹೇಳುವಾಗ ಮೇಷ್ಟ್ರ ಮುಖದಲ್ಲಿ ಹೆಮ್ಮೆ. ಸೀಸನ್ ಮುಗಿದ ಮೇಲೆ ಮಾಲು ಎತ್ತುವ ಹುಡುಗ ಎಲ್ಲಿದ್ದರೂ ದಾವಣಗೆರೆಯವನೇ ಅಲ್ವಾ.

“ಹಿಮದ ಮೇಲೆ ಓಡೋ ಗಾಡಿ ತಾನೆ? ಮನೆಯಿಂದಲೇ ಓಡಿಸ್ಕೊಂಡು ಹೋಗ್ಲಿ. ಪಿಕಪ್ ಯಾಕೆ?” ಅಂದರು ಗೌಡ್ರು.

ಆಗಲ್ಲವಂತೆ. ಊರೊಳಗಿನ ರಸ್ತೆಗಳಲ್ಲಿ ಹಿಮ ಬಾಚಿ ಪಕ್ಕಕ್ಕೆ ತಳ್ಳಿರುತ್ತಾರೆ. ಬರೀ ಟಾರಿನ ಮೇಲೆ ಓಡಿಸಿದರೆ ಈ ಗಾಡಿ ಹಾಳು. ಪಟ್ಟಿಯ ಒಳಗೆ ಪ್ಲಾಸ್ಟಿಕ್ ಹಳಿ ಇರುತ್ತದೆ, ಅದು ನುಣ್ಣಗೆ ಜಾರಲು ಹಿಮದ ತೇವ ಬೇಕು. ಇಂಜಿನ್ ನೀರು ತಣ್ಣಗಾಗುವುದೂ ಪಟ್ಟಿ ಎರಚುವ ಹಿಮದಿಂದಲೇ. ಹಿಮ ಇಲ್ಲದಿದ್ದರೆ ಅದೂ ಕಾಯುತ್ತದೆ, ಇದೂ ಕಾಯುತ್ತದೆ.

“ಅಂದ್ರೆ ಗಾಡಿಗೇ ಒಂದು ಗಾಡಿ ಬೇಕು,” ಅಂದರು ಗೌಡ್ರು. “ನಮ್ಮ ಜನರೇಟರ್ ಹಣೆಬರಹವೂ ಅದೇ. ಮದುವೆ ಮನೆಗೆಲ್ಲ ಬೆಳಕು ಕೊಡುತ್ತೆ, ಅದನ್ನ ಹತ್ತಿಸಿ ಇಳಿಸೋಕೆ ಮಾತ್ರ ನಾಲ್ಕು ಜನ ಬೇಕು.”

ಮೇಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. ಇತಿಹಾಸಕ್ಕೂ ಇಳಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾಲ್ಕೋರ್ ಅಂತ ಊರು. ಅಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅಂತ ಒಬ್ಬ ಗ್ಯಾರೇಜ್ ಮೆಕ್ಯಾನಿಕ್. 1934ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಹುಷಾರು ತಪ್ಪಿತು. ಹಿಮ ಬಿದ್ದು ದಾರಿ ಮುಚ್ಚಿತ್ತು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಗಾಡಿ ಮಾಡಬೇಕು ಅನ್ನುವ ಹುಚ್ಚು ಅವನಿಗೆ ಮೊದಲೇ ಇತ್ತು, ಆಮೇಲೆ ಅದು ಹಠವಾಯಿತು. 1937ರಲ್ಲಿ ಪಟ್ಟಿಗಾಡಿಗೆ ಪೇಟೆಂಟ್ ಸಿಕ್ಕಿತು. ಮೊದಲು ಮಾಡಿದ್ದು ಬಸ್ಸಿನಂಥ ದೊಡ್ಡ ಗಾಡಿ. ಒಬ್ಬಿಬ್ಬರು ಕೂರುವ ಸಣ್ಣ ಸ್ಕೀ-ಡೂ ಬಂದಿದ್ದು 1959ರಲ್ಲಿ.

ಗೌಡ್ರು ಮಿರ್ಚಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಗ್ಯಾರೇಜಿನವನಾ?” ಅಂತ ಕೇಳಿದ ರುದ್ರಣ್ಣ. “ಹಂಗಾದ್ರೆ ಕೊಡಿ ಫೋನು. ಸರಿಯಾಗಿ ನೋಡೋಣ.”

ರುದ್ರಣ್ಣನ ಬಗ್ಗೆ ಒಂದು ಮಾತು. ಅವನ ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸುತ್ತಿದ್ದವರು. ಹಾಗಾಗಿ ಅಳತೆಯ ವಿಷಯ ಬಂದರೆ ರುದ್ರಣ್ಣ ಯಾರ ಮಾತನ್ನೂ ಕೇಳುವುದಿಲ್ಲ. ಗಿರಾಕಿಯ ಮಾತನ್ನಂತೂ ಕೇಳುವುದೇ ಇಲ್ಲ.

“ಜಾಕಿ ಹಾಕಿ ಟಿಪ್ಪರ್ ತರ ಎತ್ತಿಬಿಟ್ರೆ ಆಯ್ತಪ್ಪ, ಇಷ್ಟೆಲ್ಲ ಯಾಕೆ?” ಗೌಡ್ರ ಸಲಹೆ.

“ಗೌಡ್ರೇ, ಟಿಪ್ಪರ್ ಹಿಂದಿನ ಅಂಚು ಎತ್ತಿದಾಗ್ಲೂ ನೆಲದಿಂದ ಮೂರಡಿ ಮೇಲೇ ಇರುತ್ತೆ. ಜಲ್ಲಿ ಸುರಿಯೋಕೆ ಸರಿ. ಜಲ್ಲಿ ವಾಪಸ್ ಹತ್ತೋದಿಲ್ವಲ್ಲ.”

ಹಲಗೆ ಇಟ್ಟು ಹತ್ತಿಸಬಹುದಿತ್ತು. ಅಲ್ಲಿನವರು ಮಾಡುವುದೂ ಉಂಟು. ಆದರೆ ಐಸ್ ಕಟ್ಟಿದ ಹಲಗೆ, ಒಬ್ಬನೇ ಮನುಷ್ಯ, ಕಾಲು ಟನ್ ಗಾಡಿ. ನನ್ನನ್ನು ಕೇಳಿದರೆ ಇದು ಆಗದ ಮಾತು. ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರ್ ಕೊಳ್ಳೋಣ ಅಂದರೆ ವರ್ಷದಲ್ಲಿ ಏಳೆಂಟು ತಿಂಗಳು ಅದನ್ನು ನಿಲ್ಲಿಸಲು ಜಾಗ ಬೇಕು. ಮೇಷ್ಟ್ರ ಮಗಳು ಬೇಡ ಅಂದಿದ್ದಾಳೆ. ಮಗಳು ಬೇಡ ಅಂದ ಮೇಲೆ ಮಿನ್ನೆಸೋಟಾದಲ್ಲೂ ಅಪೀಲಿಲ್ಲ.

ರುದ್ರಣ್ಣ ಒಂದು ಗ್ರೀಸ್ ಡಬ್ಬಿ ತಂದು ನೆಲದ ಮೇಲಿಟ್ಟ. “ಇದು ಪಿಕಪ್ಪು.” ಅದರ ಮೇಲೆ ಸ್ಟೀಲ್ ಸ್ಕೇಲ್ ಇಟ್ಟ. “ಇದು ಡೆಕ್ಕು.” ಆಮೇಲೆ ಗೌಡ್ರ ಪೇಪರಿಗೆ ಕೈ ಹಾಕಿ ಒಂದು ಮಿರ್ಚಿ ಎತ್ತಿಕೊಂಡ. “ಇದು ಅಳಿಯಂದ್ರ ಗಾಡಿ. ಇಂಜಿನ್ ಎಲ್ಲಿರುತ್ತೆ ಮೇಷ್ಟ್ರೇ?”

“ಮುಂದೆ.”

“ಸರಿ, ದಪ್ಪ ತುದಿ ಮುಂದೆ, ತೊಟ್ಟು ಹಿಂದೆ.”

ಸ್ಕೇಲನ್ನು ಮೆಲ್ಲಗೆ ಹಿಂದಕ್ಕೆ ಎಳೆದ. ಅರ್ಧ ದಾಟುತ್ತಿದ್ದ ಹಾಗೆ ಅದು ತಾನಾಗಿಯೇ ವಾಲಿ ತುದಿ ನೆಲಕ್ಕೆ ತಾಗಿತು. “ನೋಡಿ, ಮೊದಲು ಜಾರಬೇಕು, ಆಮೇಲೆ ಬಾಗಬೇಕು. ಅಳಿಯಂದ್ರ ಡ್ರಾಯಿಂಗಲ್ಲಿ ಜಾರೋದೇ ಇಲ್ಲ. ಬರೀ ಒಂದು ಕೀಲು ಹಾಕಿದ್ದಾರೆ, ಅದೂ ನಟ್ಟನಡುವೆ. ಹಂಗೆ ಮಾಡಿದ್ರೆ ಹಿಂದಿನ ಅರ್ಧ ಪಿಕಪ್ ತಳಕ್ಕೆ ಬಡಿದು ಅಲ್ಲೇ ನಿಲ್ಲುತ್ತೆ.”

ಮಿರ್ಚಿಯನ್ನು ಸ್ಕೇಲಿನ ಬುಡದಿಂದ ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋದ. ಸ್ಕೇಲಿನ ಮೇಲೆ ಎಣ್ಣೆಯ ಗೆರೆ ಮೂಡಿತು. ಮಿರ್ಚಿಯ ದಪ್ಪ ಭಾಗ ಡಬ್ಬಿಯ ಅಂಚು ದಾಟಿದ್ದೇ ತಡ, ಸ್ಕೇಲು ಟಕ್ ಅಂತ ಮಟ್ಟಸವಾಯಿತು. ಮಿರ್ಚಿ ಹಾರಿ ಗ್ರೀಸ್ ಹತ್ತಿದ ಚಿಂದಿಯ ಮೇಲೆ ಬಿತ್ತು.

“ನನ್ನ ಮಿರ್ಚಿ!” ಅಂದರು ಗೌಡ್ರು.

“ಮಿರ್ಚಿ ಹೋಗ್ಲಿ ಬಿಡಿ, ಅದು ಹಾರಿದ ದಿಕ್ಕು ನೋಡಿ. ಮುಂದಕ್ಕೆ. ಅಳಿಯಂದ್ರು ಒಂಚೂರು ಆಕ್ಸಿಲೇಟರ್ ಜಾಸ್ತಿ ಕೊಟ್ರೆ ಗಾಡಿ ಕ್ಯಾಬಿನ್ ಗ್ಲಾಸ್ ಒಡ್ಕೊಂಡು ಡ್ರೈವರ್ ಸೀಟಿಗೇ ಬರುತ್ತೆ. ಮುಂದೆ ಒಂದು ಗಟ್ಟಿ ಅಡ್ಡಪಟ್ಟಿ ಬೇಕೇ ಬೇಕು.”

ಇನ್ನು ಡೆಕ್ಕು ಎಷ್ಟು ಜಾರಬೇಕು ಅನ್ನುವುದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಪಿಕಪ್ ತಳ ನೆಲದಿಂದ 3 ಅಡಿ, ಡೆಕ್ಕು 10 ಅಡಿ. 6 ಅಡಿ ಹೊರಗೆ ಬಂದರೆ ಇಳಿಜಾರು 30 ಡಿಗ್ರಿ. 8 ಅಡಿ ಬಂದರೆ 22 ಡಿಗ್ರಿ. “ಎಂಟೇ ಇರಲಿ, ಹತ್ತೋಕೆ ಸಲೀಸು,” ಅಂದರು.

“ಹತ್ತುತ್ತೆ ಮೇಷ್ಟ್ರೇ, ಕೂರೋದಿಲ್ಲ.” ರುದ್ರಣ್ಣ ಸ್ಕೇಲನ್ನು ಇನ್ನೂ ಹೊರಕ್ಕೆಳೆದು ಮತ್ತೊಂದು ಮಿರ್ಚಿಗೆ ಕೈ ಚಾಚಿದ. ಗೌಡ್ರು ಪೊಟ್ಟಣ ಹಿಂದಕ್ಕೆಳೆದುಕೊಂಡರು. ಬಾಯಲ್ಲೇ ಹೇಳಬೇಕಾಯಿತು. 8 ಅಡಿ ಹೊರಗಿದ್ದರೆ ಒಳಗುಳಿಯುವುದು 2 ಅಡಿ. ಗಾಡಿಯ ಭಾರ ಆ ಅಂಚು ದಾಟುವಷ್ಟರಲ್ಲಿ ಸ್ಕೀ ಎರಡೂ ಡೆಕ್ಕಿನ ತುದಿ ದಾಟಿ ಗಾಳಿಯಲ್ಲಿರುತ್ತವೆ. ಆರಡಿಯಲ್ಲಿ ನಿಲ್ಲಿಸಿದರೆ ಏರು ಕಡಿದು, ಆದರೆ ಭಾರ ಸರಿಯಾದ ಹೊತ್ತಿಗೆ ಅಂಚು ದಾಟುತ್ತದೆ. ಅಲ್ಲಿಗೆ ಒಂದು ಸರಪಳಿ ಹಾಕಿ ಕಟ್ಟಿಬಿಡಬೇಕು, ಇಲ್ಲದಿದ್ದರೆ ಡೆಕ್ಕೇ ಕಳಚಿ ಕೆಳಗೆ ಬರುತ್ತದೆ.

ಗೌಡ್ರಿಗೆ ಇದು ಥಟ್ಟನೆ ಹೊಳೆಯಿತು. ಅವರ ಊರು ಮಾಯಕೊಂಡದ ಕಡೆ, ಹುಡುಗರಾಗಿದ್ದಾಗ ಎತ್ತಿನಗಾಡಿ ಹೊಡೆದವರು. “ಇದು ಗಾಡಿಗೆ ಹುಲ್ಲು ಹೇರಿದ ಹಂಗೆ ಕಣಪ್ಪ. ಅಚ್ಚಿನ ಹಿಂದಕ್ಕೆ ಜಾಸ್ತಿ ಹೇರಿದ್ರೆ ಮೂಕಿ ಎದ್ದು ನೊಗ ಎತ್ತಿನ ಕುತ್ತಿಗೆ ಬಿಡುತ್ತೆ. ಮುಂದಕ್ಕೆ ಹೇರಿದ್ರೆ ಎತ್ತಿನ ಹೆಗಲು ಕಿತ್ತು ಹೋಗುತ್ತೆ. ಪಿಕಪ್ಪಿಗೂ ಇದೇ ಲೆಕ್ಕ ತಾನೆ? ಭಾರ ಹಿಂದಿನ ಚಕ್ರದ ಆಚೆ ಕೂತ್ರೆ ಮುಂದಿನ ಚಕ್ರ ನೆಲ ಕಚ್ಚೋದಿಲ್ಲ. ಐಸ್ ಮೇಲೆ ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ತಿರುಗಲ್ಲ.”

ಮೇಷ್ಟ್ರು ಪೆನ್ನು ಮುಚ್ಚಿಟ್ಟರು. ಇದೇ ಪಾಠವನ್ನು ಬೋರ್ಡಿನ ಮೇಲೆ ಅವರು ಎಷ್ಟೋ ಬ್ಯಾಚಿಗೆ ಮಾಡಿದ್ದಾರೆ, ಒಂದು ಎತ್ತೂ ಬಂದಿರಲಿಲ್ಲ.

ಆಮೇಲೆ ಸಾಮಾನಿನ ಪಟ್ಟಿ. ಎರಡಿಂಚಿನ ಚೌಕದ ಪೈಪು, 3 ಎಂಎಂ ದಪ್ಪದ್ದು, ಮೇಲೆ ಮುಕ್ಕಾಲಿಂಚು ಪ್ಲೈವುಡ್. ಎಲ್ಲ ಸೇರಿ 80 ಕೆಜಿ ಮೇಲಾಗುತ್ತದೆ. ಜಾರಲು ಮನೆಗಳ ಸ್ಲೈಡಿಂಗ್ ಗೇಟಿಗೆ ಹಾಕುವ ಚಕ್ರ ಮತ್ತು ಚಾನಲ್ ಸಾಕು ಅಂದ ರುದ್ರಣ್ಣ. ಮಟ್ಟಸವಾದ ಮೇಲೆ ಕೈ ವಿಂಚಿನಲ್ಲಿ ಎಳೆದರೆ ಗಾಡಿ ಸಮೇತ ಒಳಗೆ ಬರುತ್ತದೆ. ಟಕ್ ಅಂತ ಬೀಳದ ಹಾಗೆ ಹಳೇ ಸ್ಕೂಟರಿನ ಶಾಕ್ ಅಬ್ಸಾರ್ಬರ್, ಆದರೆ ಅದರ ಸ್ಪ್ರಿಂಗ್ ಕಿತ್ತು ಬಿಸಾಕಬೇಕು. ಸ್ಪ್ರಿಂಗ್ ಇದ್ದರೆ ಡೆಕ್ಕು ಕುಣಿಯುತ್ತದೆ. ಎರಡೂ ಕಡೆ ಲಾಕ್ ಪಿನ್ನು. ಪಿನ್ ಹಾಕದೆ ಹೈವೇಗೆ ಹೋದರೆ ಏನಾಗುತ್ತದೆ ಅಂತ ರುದ್ರಣ್ಣ ವಿವರಿಸಲು ಹೊರಟ, ಮೇಷ್ಟ್ರು ಅಳಿಯನ ವಿಷಯ ಅಂತ ತಡೆದರು.

“ಅಲ್ಯೂಮಿನಿಯಂ ಮಾಡ್ಲಿ,” ಅಂದರು ಮೇಷ್ಟ್ರು. “ಅಲ್ಲಿ ಹಿಮ ಕರಗಿಸೋಕೆ ರೋಡಿಗೆ ಉಪ್ಪು ಹಾಕ್ತಾರೆ. ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ.”

“ಉಪ್ಪೆಲ್ಲ ರೋಡಿಗೆ ಹಾಕಿದ್ರೆ ಇನ್ನೇನಾಗುತ್ತೆ. ಅದಕ್ಕೇ ಅಲ್ಲಿ ಹೋಟೆಲ್ ಊಟ ಸಪ್ಪೆ ಅಂತ ನಿಮ್ಮ ಮಗಳು ಅನ್ನೋದು,” ಅಂದರು ಗೌಡ್ರು.

ಇಳಿಸುವುದು ಹೇಗೆ ಅಂತ ನಾನು ಕೇಳಿದೆ. ಅದಕ್ಕೆ ಮೇಷ್ಟ್ರು ಕೊಟ್ಟ ಉತ್ತರ ರುದ್ರಣ್ಣನನ್ನು ಎಬ್ಬಿಸಿ ನಿಲ್ಲಿಸಿತು. ಕೆಲವು ಟೂ ಸ್ಟ್ರೋಕ್ ಸ್ನೋಮೊಬೈಲುಗಳಲ್ಲಿ ರಿವರ್ಸ್ ಗೇರೇ ಇಲ್ಲ. ಬಟನ್ ಒತ್ತಿದರೆ ಇಂಜಿನ್ ನಿಲ್ಲುವಷ್ಟು ನಿಧಾನವಾಗಿ, ಹಾಗೇ ಉಲ್ಟಾ ತಿರುಗಲು ಶುರು ಮಾಡುತ್ತದೆ.

“ಇಂಜಿನ್ನೇ ಉಲ್ಟಾನಾ? ಗೌಡ್ರೇ, ನಿಮ್ಮ ಹಳೇ ಸ್ಕೂಟರು!”

ಗೌಡ್ರ ಹಳೇ ಟೂ ಸ್ಟ್ರೋಕ್ ಸ್ಕೂಟರಿನ ಕಥೆ ಊರಿಗೆಲ್ಲ ಗೊತ್ತು. ಕಿಕ್ ಅರ್ಧಂಬರ್ಧ ಬಿದ್ದರೆ ಇಂಜಿನ್ ತಿರುಗಾಮುರುಗಾ ಸ್ಟಾರ್ಟ್ ಆಗುತ್ತಿತ್ತು. ಫಸ್ಟ್ ಗೇರ್ ಹಾಕಿದರೆ ಹಿಂದಕ್ಕೆ. ಒಂದು ಸಲ ಮಂಡಕ್ಕಿ ಭಟ್ಟಿಯ ಮುಂದೆ ಒಣಹಾಕಿದ್ದ ಅಕ್ಕಿಯೊಳಗೆ ಹಾಗೇ ಹಿಂದಕ್ಕೆ ನುಗ್ಗಿದ್ದರು. “ನೋಡ್ರಿ, ಅವತ್ತು ಎಲ್ಲ ನಕ್ಕಿರಿ,” ಅಂದರು ಗೌಡ್ರು. “ಅದನ್ನೇ ಅವರು ಬಟನ್ ಮಾಡಿ ದುಡ್ಡು ತಗೊಳ್ತಾ ಇದ್ದಾರೆ.”

ಇಷ್ಟು ಹೊತ್ತಿಗೆ ಡೆಕ್ಕು ಮಿನ್ನೆಸೋಟಾ ಬಿಟ್ಟು ದಾವಣಗೆರೆಗೆ ಬಂದಿತ್ತು. ಗೌಡ್ರಿಗೆ ಜನರೇಟರ್ ಹತ್ತಿಸಲು ತಮ್ಮ ಪಿಕಪ್ಪಿಗೂ ಒಂದು ಬೇಕಂತೆ. ಅಡಿಕೆ ತೋಟದ ಟಿಲ್ಲರ್ ಸಾಗಿಸಲು ಅವರ ಭಾವನಿಗೆ ಇನ್ನೊಂದು. ಮೇಷ್ಟ್ರು ಮೋಟಾರು ವಾಹನ ಕಾಯ್ದೆ ತೆಗೆದರು. 1988ರ ಕಾಯ್ದೆ, ಸೆಕ್ಷನ್ 52, ಆರ್‌ಸಿಯಲ್ಲಿ ಬರೆದಿರುವುದಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ.

“ಬದಲಾಯಿಸೋದು ಎಲ್ಲಿ ಬಂತು? ಜನರೇಟರ್ ಕೆಳಗೆ ಒಂದು ಮಂಚ ಇದೆ ಅಷ್ಟೇ,” ಅಂದ ರುದ್ರಣ್ಣ. ಮೊದಲು ಮಂಚ ಅಂದಾಗ ಮೇಷ್ಟ್ರು ಒಪ್ಪಿರಲಿಲ್ಲ. ಈಗ ಗೌಡ್ರು ಒಪ್ಪಿ ಅಡ್ವಾನ್ಸ್ ಎಷ್ಟು ಅಂತ ಕೇಳುತ್ತಿದ್ದರು.

ಅಷ್ಟರಲ್ಲಿ ಅಳಿಯನ ವಾಯ್ಸ್ ಮೆಸೇಜ್ ಬಂತು. ಅಲ್ಲಿ ಬೆಳಿಗ್ಗೆ ಎಂಟೂವರೆ. ಮೇಷ್ಟ್ರು ಸ್ಪೀಕರ್ ಹಾಕಿದರು.

“ಮಾವ, ನೀವು ಹೇಳಿದ್ದೆಲ್ಲ ಬರ್ಕೊಂಡೆ. ರುದ್ರಣ್ಣ ಅವರಿಗೆ ತುಂಬಾ ಥ್ಯಾಂಕ್ಸ್ ಹೇಳಿ. ಒಂದೇ ಡೌಟು. ನಮ್ಮ ಗ್ಯಾರೇಜ್ ಬಾಗಿಲು 7 ಅಡಿ ಎತ್ತರ. ರಾತ್ರಿ ಲೋಡ್ ಮಾಡಿ ಒಳಗೆ ನಿಲ್ಲಿಸಿ, ಬೆಳಿಗ್ಗೆ ಹೊರಡೋಣ ಅಂತಿದ್ದೆ. ಆಗುತ್ತಾ?”

ಪಿಕಪ್ ತಳ ಮೂರಡಿ. ಡೆಕ್ಕು, ಚಕ್ರ ಸೇರಿ ಅರ್ಧ ಅಡಿ. ಅದರ ಮೇಲೆ ಗ್ಲಾಸಿನ ಸಮೇತ ಗಾಡಿ ನಾಲ್ಕಡಿ ಹತ್ತಿರ. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು, ಮತ್ತೆ ಬಿಚ್ಚಿ ಹಾಕಿದರು. ಅರ್ಧ ಅಡಿ ಹೆಚ್ಚೇ ಬರುತ್ತಿತ್ತು.

ರುದ್ರಣ್ಣ ಮಾತ್ರ ಕದಲಲಿಲ್ಲ. “ಅಲ್ಲಿ ಮನೆ ಗೋಡೆ ಯಾತರದ್ದು ಮೇಷ್ಟ್ರೇ?”

“ಮರದ್ದು.”

“ಮತ್ತೇನು? ಕೊಯ್ದ್ರೆ ಆಯ್ತು. ಬಾಗಿಲ ಅಳತೆ ಕಳಿಸೋಕೆ ಹೇಳಿ.”