ಹುಬ್ಬಳ್ಳಿ ಬಿಟ್ಟು ಪುಣೆಗೆ ಹೋಗೋದಾ ಬೇಡವಾ? ಮಗಳಿಗೆ ಇನ್ನೂ ನಾಲ್ಕೂವರೆ

ವಿದ್ಯಾನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಹುಬ್ಬಳ್ಳಿಯಲ್ಲಿ ನಾನು, ಮಗಳು, ಅತ್ತೆ, ಮಾವ ಇದ್ದೇವೆ. ನಮ್ಮ ಮನೆಯವರು ಕಳೆದ ವರ್ಷ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಪಿಜಿಯಲ್ಲಿದ್ದಾರೆ. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು ಹತ್ತಿ ಬರುತ್ತಾರೆ, ಭಾನುವಾರ ರಾತ್ರಿ ಮತ್ತೆ ಹೊರಡುತ್ತಾರೆ. ಬಂದ ದಿನ ಅರ್ಧ ನಿದ್ದೆಯಲ್ಲೇ ಹೋಗುತ್ತದೆ. ಮಗಳು ಈಗೀಗ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುವುದಕ್ಕೇ ಒಲ್ಲೆ ಅನ್ನುತ್ತಾಳೆ. ಸಿಟ್ಟೋ ಏನೋ ಗೊತ್ತಿಲ್ಲ.

ನಾನು ಇಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಕಾಲೇಜು ಪಾಠಕ್ಕೆ ಬೇಕಾದ ಅರ್ಹತಾ ಪರೀಕ್ಷೆಗಳಲ್ಲಿ ರಾಜ್ಯದ ಕೆ-ಸೆಟ್ ಆಗಿದೆ, ರಾಷ್ಟ್ರಮಟ್ಟದ ನೆಟ್ ಆಗಿಲ್ಲ. ಸಂಬಳ ದೊಡ್ಡದಲ್ಲ, ಆದರೆ ನನ್ನದು ಅಂತ ಇದೆ. ಮಗಳು ನರ್ಸರಿಯಲ್ಲಿದ್ದಾಳೆ, ಹುಟ್ಟಿದ್ದು 2021ರ ಸೆಪ್ಟೆಂಬರ್. ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ನಾನು ಬರುವವರೆಗೆ ಅತ್ತೆಯ ಹತ್ತಿರ ಇರುತ್ತಾಳೆ. ಊಟ, ನಿದ್ದೆ, ಆಟ ಎಲ್ಲಾ ಅವರದ್ದೇ. ಅವರು ಪುಣೆಗೆ ಬರುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾರೆ. ಮಾವನಿಗೆ ಮಂಡಿ ನೋವು, ಲಿಫ್ಟು ಅಂದರೆ ಭಯ, ಈ ಮನೆ ಬಿಟ್ಟು ಎಲ್ಲೂ ನಿದ್ದೆ ಬರುವುದಿಲ್ಲ.

ಮನೆಯವರು ಜೂನ್ ಒಳಗೆ ಬಂದುಬಿಡಿ ಅನ್ನುತ್ತಾರೆ. ಅತ್ತೆ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಆದರೆ ಹೋದ ವರ್ಷ ಪುಣೆಯಲ್ಲಿ ನೀರಿನಿಂದ ಅದೇನೋ ನರದ ಕಾಯಿಲೆ ಬಂದಿತ್ತಲ್ಲ, ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾರೆ. ಶಾಲೆ, ಮರಾಠಿ, ನನ್ನ ಕೆಲಸ, ಮಗುವನ್ನು ನೋಡಿಕೊಳ್ಳುವವರು, ಯಾವುದನ್ನು ಮೊದಲು ಯೋಚಿಸಬೇಕು ಅಂತಲೇ ತಿಳಿಯುತ್ತಿಲ್ಲ. ಪುಣೆಯಲ್ಲಿ ಮಕ್ಕಳ ಜೊತೆ ಇರುವವರು ಇದ್ದದ್ದು ಇದ್ದ ಹಾಗೆ ಹೇಳಿ.

ವಾಕಡ್ ಧಾರವಾಡಿ:

ಅಕ್ಕಾ, ನಾನು ಹಿಂಜವಡಿ ಪಕ್ಕದ ವಾಕಡ್‌ನಲ್ಲಿದ್ದೇನೆ, ನನ್ನ ಆಫೀಸೂ ಹಿಂಜವಡಿಯೇ. ಮಗನಿಗೆ ಐದು ವರ್ಷ. ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ. ಮಧ್ಯಾಹ್ನ ಹನ್ನೆರಡೂವರೆಯಿಂದ ಸಂಜೆ ಏಳರವರೆಗೆ ಮಗು ಯಾರ ಹತ್ತಿರ ಇರುತ್ತದೆ? ಅದು ಗೊತ್ತಾದರೆ ಮನೆ ಎಲ್ಲಿ, ಶಾಲೆ ಎಲ್ಲಿ, ನೀವು ಕೆಲಸಕ್ಕೆ ಹೋಗಬಹುದಾ ಎಲ್ಲಾ ತಾನಾಗಿ ಗೊತ್ತಾಗುತ್ತದೆ. ಜನ ಇದನ್ನು ಕೊನೆಗೆ ಬಿಡುತ್ತಾರೆ. ಮೊದಲು ಚಂದದ ಫ್ಲ್ಯಾಟ್ ನೋಡುತ್ತಾರೆ, ಆಮೇಲೆ ಫೇಮಸ್ ಶಾಲೆ ನೋಡುತ್ತಾರೆ, ಅದು ಎಂಟು ಕಿಲೋಮೀಟರ್ ಆಚೆ ಇರುತ್ತದೆ, ಡೇಕೇರ್ ಇನ್ನೊಂದು ದಿಕ್ಕಿಗೆ. ಆಮೇಲೆ ದಿನಾ ಸಂಜೆ ಭೂಮ್ಕರ್ ಚೌಕದಲ್ಲಿ ಕಾರಿನೊಳಗೆ ಕೂತು ಗಂಡ ಹೆಂಡತಿ ಜಗಳ.

ಇಲ್ಲಿ ಪಾಳಣಾಘರ ಅಂದರೆ ಡೇಕೇರ್. ಎರಡು ಥರ ಇವೆ. ಒಂದು ಪ್ರೀಸ್ಕೂಲಿಗೇ ಅಂಟಿಕೊಂಡಿರುವುದು. ಇನ್ನೊಂದು ಸೊಸೈಟಿ ಒಳಗೆ ಯಾರೋ ಒಬ್ಬ ಕಾಕು (ಅಂದರೆ ಚಿಕ್ಕಮ್ಮ) ತಮ್ಮ ಫ್ಲ್ಯಾಟಿನಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವುದು. ನಮ್ಮ ಮಗ ಎರಡನೆಯದರಲ್ಲಿದ್ದಾನೆ, ಬಿಸಿ ವರಣ್-ಭಾತ್ ತಿನ್ನುತ್ತಾನೆ, ಲಿಫ್ಟಿನಲ್ಲಿ ಎರಡು ಮಹಡಿ ಇಳಿದರೆ ಮನೆ. ಇಂಥವು ಇಂಟರ್‌ನೆಟ್‌ನಲ್ಲಿ ಸಿಗುವುದಿಲ್ಲ. ಸೊಸೈಟಿಯ ವಾಚ್‌ಮನ್ನನ್ನು, ಕೆಲಸಕ್ಕೆ ಬರುವ ಮಾವಶಿಯನ್ನು ಕೇಳಬೇಕು. ಯಾವುದಕ್ಕೂ ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ ನಿಲ್ಲಿ. ಟಿವಿ ಹಚ್ಚಿ ಮಕ್ಕಳನ್ನು ಕೂರಿಸಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಅಣ್ಣನ ಕಂಪನಿಯಲ್ಲೂ ಕೇಳಲಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಲ್ಲಿ ಕಾನೂನು ತಂದರು. ಅಪ್ಪಂದಿರ ಮಕ್ಕಳನ್ನೂ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ಮಾತ್ರ ಎಚ್‌ಆರ್ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ನೀರಿನ ಕಥೆ. 2025ರ ಜನವರಿಯಲ್ಲಿ ಬಂದದ್ದು ಜಿಬಿಎಸ್, ಅಂದರೆ ಗಿಲಾನ್-ಬಾರೆ ಸಿಂಡ್ರೋಮ್ ಅನ್ನುವ ನರದ ಕಾಯಿಲೆ. ಜಾಸ್ತಿ ಆಗಿದ್ದು ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ್ ಗಾಂವ್ ಕಡೆ. ಹಿಂಜವಡಿ ಅಲ್ಲಿಂದ ದೂರ. ಆದರೂ ನೀರು ಕುದಿಸಿ ಕುಡಿಯುವುದು ಒಳ್ಳೆಯದೇ, ಅದರಲ್ಲಿ ಅತ್ತೆಯವರ ಮಾತು ಸರಿ. ಹಿಂಜವಡಿ ಪಾಲಿಕೆಯೊಳಗಿಲ್ಲ, ಗ್ರಾಮ ಪಂಚಾಯಿತಿ. ದೊಡ್ಡ ದೊಡ್ಡ ಟವರು, ಕೆಳಗೆ ಟ್ಯಾಂಕರ್ ಕ್ಯೂ. ವಾಕಡ್ ಪಿಂಪ್ರಿ-ಚಿಂಚವಡ ಪಾಲಿಕೆಗೆ ಸೇರಿದೆ. ಅಲ್ಲಿ 2019ರಲ್ಲಿ ದಿನ ಬಿಟ್ಟು ದಿನ ನೀರು ಶುರು ಮಾಡಿದರು. ಇಲ್ಲಿಯವರು ಅದಕ್ಕೆ ಬೈಯುತ್ತಾರೆ. ವಾರಕ್ಕೊಮ್ಮೆ ನಲ್ಲಿ ನೀರಿಗೆ ಕಾದು ಬೆಳೆದ ನಾವು ಹುಬ್ಬಳ್ಳಿ-ಧಾರವಾಡದ ಮಂದಿ ಮನಸ್ಸಿನಲ್ಲೇ ನಗುತ್ತೇವೆ.

ಮನೆ ಬಾಡಿಗೆಗೆ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅಂತ ಕರಾರು. ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಆದರೂ ನೋಂದಣಿ ಕಡ್ಡಾಯ, ಬರೀ ಸ್ಟಾಂಪ್ ಪೇಪರ್ ಸಾಕು ಅನ್ನುವ ಮಾಲೀಕನ ಮಾತು ಕೇಳಬೇಡಿ. ಶಾಲೆಯಲ್ಲಿ ವಿಳಾಸಕ್ಕೆ ಇದೇ ಕಾಗದ ಕೊಡಬೇಕಾಗುತ್ತದೆ.

ಚಾಕ್‌ಪೀಸ್ ಟೀಚರ್:

ಶಾಲೆಯ ವಿಷಯ ನಾನು ಹೇಳುತ್ತೇನೆ, ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಅಂತ ಸಡಿಲ ಮಾಡಿದ್ದರು. ಮಹಾರಾಷ್ಟ್ರದಲ್ಲಿ ಆರು ವರ್ಷವನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ನಿಮ್ಮ ಮಗಳದ್ದು ಸೆಪ್ಟೆಂಬರ್ ಅಲ್ವಾ? ಹಾಗಾಗಿ ಅವಳು ಹುಬ್ಬಳ್ಳಿಯಲ್ಲೇ ಇದ್ದರೆ 2028ರಲ್ಲಿ ಒಂದನೇ ತರಗತಿ. ಪುಣೆಯಲ್ಲಿ 2027ಕ್ಕೇ ಸೇರಿಸಬಹುದು. ಪೂರಾ ಒಂದು ವರ್ಷದ ವ್ಯತ್ಯಾಸ.

ನೀವು ಈ ಜೂನ್‌ನಲ್ಲಿ ಹೋದರೆ ಅಲ್ಲಿಯ ಶಾಲೆಯವರು ವಯಸ್ಸು ನೋಡಿ ಸೀದಾ ಸೀನಿಯರ್ ಕೆಜಿಗೆ (ನಮ್ಮ ಯುಕೆಜಿ) ಹಾಕೋಣ ಅನ್ನಬಹುದು. ಇಲ್ಲಿ ನರ್ಸರಿ ಮುಗಿಸಿದ ಮಗು, ಹೊಸ ಊರು, ಹೊಸ ಭಾಷೆ, ಅದರ ಮೇಲೆ ಒಂದು ತರಗತಿ ಜಿಗಿತ. ಒಂದು ವರ್ಷ ಉಳಿಯಿತು ಅಂತ ಖುಷಿಪಡಬೇಡಿ. ಆ ತಾರೀಕು ಕನಿಷ್ಠ ವಯಸ್ಸಿಗೆ ಮಾತ್ರ, ಅಷ್ಟು ಬೇಗ ಸೇರಿಸಲೇಬೇಕು ಅಂತೇನಿಲ್ಲ. ಜೂನಿಯರ್ ಕೆಜಿಗೇ (ನಮ್ಮ ಎಲ್‌ಕೆಜಿ) ಕೇಳಿ. ಮುಂದೆ ಎಂದಾದರೂ ವಾಪಸ್ ಬಂದರೂ ಇಲ್ಲಿಯ ತರಗತಿಗೆ ಸರಿಯಾಗಿ ಕೂರುತ್ತಾಳೆ.

ಮರಾಠಿ ಬಗ್ಗೆ: 2020ರ ಕಾಯ್ದೆ ಪ್ರಕಾರ ಮಹಾರಾಷ್ಟ್ರದ ಎಲ್ಲಾ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸಲೇಬೇಕು. ನಮ್ಮಲ್ಲಿ ಕನ್ನಡಕ್ಕೆ ಇರುವ ಹಾಗೇ. ನಾಲ್ಕು ವರ್ಷದ ಮಗುವಿಗೆ ಇದು ಸಮಸ್ಯೆಯೇ ಅಲ್ಲ. ಐದನೇ ತರಗತಿಯಲ್ಲಿ ಕರೆದುಕೊಂಡು ಹೋಗುವವರಿಗೆ ಇದೆ ನೋಡಿ ನಿಜವಾದ ಕಷ್ಟ. ಹೋಗುವುದೇ ಆದರೆ ಈ ವಯಸ್ಸು ಒಳ್ಳೆಯದು ಅಂತ ನನಗೆ ಅನ್ನಿಸುವುದು ಇದಕ್ಕೇ. ಇನ್ನೊಂದು, ಪುಣೆಯ ಖಾಸಗಿ ಶಾಲೆಗಳು ನವೆಂಬರ್-ಡಿಸೆಂಬರ್ ಹೊತ್ತಿಗೇ ಅರ್ಜಿ ಶುರು ಮಾಡಿಬಿಡುತ್ತವೆ. ಈಗಲೇ ಫೋನ್ ಮಾಡಿ, ಉಳಿದ ಸೀಟು ಕೇಳಿ.

ಗೋಕುಲ ರೋಡ್:

ಎಲ್ಲರೂ ಹೋಗಿ ಹೋಗಿ ಅನ್ನುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ ತಂಗಿ. ನಾವು ಪುಣೆಯ ಖರಾಡಿಯಲ್ಲಿದ್ದು ವಾಪಸ್ ಬಂದವರು.

ಊರು ಕೆಟ್ಟದಲ್ಲ. ಜನ ಒಳ್ಳೆಯವರು, ಹವೆ ಚೆನ್ನ. ಆದರೆ ಗಂಡ ಮನೆ ಸೇರುವುದು ಎಂಟೂವರೆಗೆ, ಮಗು ಮಲಗುವುದು ಒಂಬತ್ತಕ್ಕೆ. ಒಂದೇ ಮನೆಯಲ್ಲಿದ್ದೂ ಅಪ್ಪ-ಮಗ ನೋಡುತ್ತಿದ್ದದ್ದು ಅರ್ಧ ಗಂಟೆ. ನಾನು ಕೆಲಸ ಬಿಟ್ಟು ಹೋಗಿದ್ದೆ. ಹಗಲಿಡೀ ಹದಿನಾಲ್ಕನೇ ಮಹಡಿಯಲ್ಲಿ ಮಗು ಮತ್ತು ನಾನು. ಮಗುವಿಗೆ ಜ್ವರ ಬಂದ ರಾತ್ರಿ ಬಾಗಿಲು ತಟ್ಟುವುದಕ್ಕೆ ಒಂದು ಮನೆ ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕಥೆ ಹೇಳಿದರೆ ಮಗು ಐದು ನಿಮಿಷ ಕೇಳುತ್ತದೆ, ಆಮೇಲೆ ಫೋನು ಬೇಕು ಅಂತ ಎಳೆಯುತ್ತದೆ.

ನಿಮ್ಮ ಪೋಸ್ಟಿನಲ್ಲಿ ನನಗೆ ಕಂಡದ್ದು ಬೇರೆ. ಅಮ್ಮ ಇದ್ದಾಳೆ, ಅಜ್ಜ ಅಜ್ಜಿ ಇದ್ದಾರೆ, ಪುಕ್ಕಟೆ ಅಲ್ಲ, ಪ್ರೀತಿಯಿಂದ ನೋಡುವವರು. ಇಲ್ಲದಿರುವುದು ಅಪ್ಪ ಒಬ್ಬರೇ. ಒಬ್ಬರಿಗೋಸ್ಕರ ನಾಲ್ಕು ಜನರ ಬದುಕು ಎತ್ತಿ ಸಾಗಿಸುವ ಬದಲು ಅವರೇ ಈ ಕಡೆ ಕೆಲಸ ಹುಡುಕಬಹುದಲ್ಲ? ಇಲ್ಲೇ ಗೋಕುಲ ರೋಡಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ. ಇಲ್ಲವಾದರೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೂ ಗುರುವಾರ ರಾತ್ರಿ ಹೊರಟು ಬರಬಹುದು. ಸಂಬಳ ಕಡಿಮೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಬಾಡಿಗೆ, ಡೇಕೇರ್, ಬರುವ ಹೋಗುವ ಖರ್ಚು, ಮೇಲೆ ನಿಮ್ಮ ಸಂಬಳ ನಿಂತದ್ದು, ಎಲ್ಲಾ ಕಳೆದು ಎಷ್ಟು ಉಳಿಯುತ್ತದೆ ಅಂತ ಕಾಗದದ ಮೇಲೆ ಬರೆದು ನೋಡಿ.

ವಾಕಡ್ ಧಾರವಾಡಿ:

ಗೋಕುಲ ರೋಡ್ ಅಕ್ಕಾ, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಎಂಟೂವರೆ ಆಗುವುದು ಮನೆ ದೂರ ಇದ್ದರೆ. ಆಫೀಸಿನಿಂದ ನಾಲ್ಕು ಕಿಲೋಮೀಟರ್ ಒಳಗೆ ಮನೆ ಮಾಡಿ, ಬೈಕ್ ಇಟ್ಟುಕೊಂಡವರು ಏಳರೊಳಗೆ ಬರುತ್ತಾರೆ. ಹಿಂಜವಡಿ-ಶಿವಾಜಿನಗರ ಮೆಟ್ರೋ ನಂಬಿಕೊಂಡು ದೂರದಲ್ಲಿ ಮನೆ ಹಿಡಿಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿಗೆ ಬಂದಾಗಿನಿಂದ ಆ ಮೆಟ್ರೋ ಮಾತು ಕೇಳುತ್ತಲೇ ಇದ್ದೇನೆ.

ಕೊತ್ರೂಡ್ ಅಜ್ಜ:

ನಾನು ಗದಗ ಬಿಟ್ಟು ಪುಣೆಗೆ ಬಂದು ಬಹಳ ಕಾಲ ಆಯಿತಮ್ಮ. ಇಬ್ಬರು ಮಕ್ಕಳನ್ನು ಇಲ್ಲೇ ಬೆಳೆಸಿದೆವು. ಭಾಷೆಯ ಬಗ್ಗೆ ಒಂದು ಮಾತು. ಮರಾಠಿ ಬರುತ್ತದಾ ಅಂತ ಹೆದರಬೇಡಿ, ಅದು ಮೂರು ತಿಂಗಳಲ್ಲಿ ಬಂದುಬಿಡುತ್ತದೆ. ಕನ್ನಡ ಉಳಿಯುತ್ತದಾ ಅಂತ ಹೆದರಿ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಓದಲು ಬರೆಯಲು ಕೂರಿಸಬೇಕು. ನನ್ನ ದೊಡ್ಡ ಮಗ ಓದುತ್ತಾನೆ, ಸಣ್ಣವನು ಬರೀ ಮಾತಾಡುತ್ತಾನೆ. ಇಲ್ಲಿ ಕನ್ನಡ ಸಂಘ ಇದೆ, ಹೋಗಿ ಪರಿಚಯ ಮಾಡಿಕೊಳ್ಳಿ. ಜ್ವರ ಬಂದ ರಾತ್ರಿ ಬಾಗಿಲು ತಟ್ಟುವ ಮನೆಗಳು ಅಲ್ಲಿಂದಲೇ ಸಿಗುತ್ತವೆ.

ನಮ್ಮ ಕಡೆಯವರಿಗೆ ಪುಣೆ ಪರಕೀಯ ಊರೇನಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಸಂಗೀತೋತ್ಸವ ಇಂದಿಗೂ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಬಂದರೆ ನಿಮ್ಮ ಮಾವನವರಿಗೆ ನಾನೇ ಜೊತೆ ಕೊಡುತ್ತೇನೆ. ಬರುವುದಕ್ಕೆ ವಂದೇ ಭಾರತ್ ಇದೆ, 2024ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಮೂರು ದಿನ ಅಂತ ಶುರುವಾಯಿತು. ಮಂಡಿ ನೋವಿನವರಿಗೆ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್‌ಗಿಂತ ಎಷ್ಟೋ ವಾಸಿ. ಗಡಿ ಗಲಾಟೆ ಆದಾಗಲೆಲ್ಲ ಬಸ್ಸುಗಳು ಮೊದಲು ನಿಲ್ಲುತ್ತವೆ, ರೈಲಿಗೆ ಆ ತೊಂದರೆ ಕಡಿಮೆ.

ವಿದ್ಯಾನಗರದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಕುಲ ರೋಡ್ ಅಕ್ಕಾ, ನಿಮ್ಮ ಮಾತು ಓದಿ ರಾತ್ರಿ ಇವರ ಜೊತೆ ಫೋನಿನಲ್ಲಿ ಲೆಕ್ಕ ಹಾಕಿದೆವು. ನನ್ನ ಸಂಬಳ ನಿಂತರೆ ಉಳಿಯುವುದು ಈಗ ಉಳಿಯುವಷ್ಟೇ, ಬಹುಶಃ ಸ್ವಲ್ಪ ಕಡಿಮೆ. ಅಂದರೆ ದುಡ್ಡಿಗಾಗಿ ಹೋಗುವ ಮಾತು ಬಿದ್ದುಹೋಯಿತು. ಹೋದರೆ ಒಟ್ಟಿಗೆ ಇರುವುದಕ್ಕೆ ಅಷ್ಟೇ. ಹುಬ್ಬಳ್ಳಿಯಲ್ಲೇ ಕೆಲಸ ಹುಡುಕಿ ಅಂತಲೂ ಹೇಳಿದೆ. ಅವರು ಮಾಡುವ ಕೆಲಸಕ್ಕೆ ಇಲ್ಲಿ ಜಾಗ ಖಾಲಿ ಇಲ್ಲವಂತೆ, ಆದರೂ ರೆಸ್ಯೂಮೆ ಕಳಿಸುತ್ತೇನೆ ಅಂದರು. ನನಗೇನೋ ಸುಮ್ನೆ ಅಂದ ಹಾಗೆ ಕೇಳಿಸಿತು.

ನನ್ನ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ಕೆ-ಸೆಟ್ ಅಲ್ಲಿ ನಡೆಯುತ್ತದಾ?

ಚಾಕ್‌ಪೀಸ್ ಟೀಚರ್:

ನಡೆಯುವುದಿಲ್ಲ. ಈಗ ಆಗುವ ಸೆಟ್ ಆಯಾ ರಾಜ್ಯಕ್ಕೆ ಮಾತ್ರ. ಪುಣೆಯಲ್ಲಿ ಸಹಾಯಕ ಪ್ರಾಧ್ಯಾಪಕಿ ಆಗಬೇಕಾದರೆ ನೆಟ್ ಬೇಕು, ಇಲ್ಲ ಮಹಾರಾಷ್ಟ್ರದ ಸೆಟ್ ಬರೆಯಬೇಕು. ಅದನ್ನು ನಡೆಸುವುದು ಪುಣೆ ವಿಶ್ವವಿದ್ಯಾಲಯವೇ. ನೆಟ್‌ಗೆ ಓದಿ, ಅದು ಎರಡೂ ಕಡೆ ನಡೆಯುತ್ತದೆ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಸಂಬಳವಿಲ್ಲದ ರಜೆ ಸಿಗುತ್ತದಾ ಕೇಳಿ. ಖಾಸಗಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಇಲ್ಲ ಅನ್ನುತ್ತಾರೆ. ಕೆಲವೊಮ್ಮೆ ಬದಲಿ ಜನ ಸಿಗದೆ ಹೂಂ ಅಂದುಬಿಡುತ್ತಾರೆ.

ವಿದ್ಯಾನಗರದ ಅಮ್ಮ:

ಸರಿ. ಹಾಗಾದರೆ ಹೀಗೆ ಮಾಡುತ್ತೇವೆ. ಏಪ್ರಿಲ್ ಕೊನೆಗೆ ಪರೀಕ್ಷೆ ಕೆಲಸ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ರಜೆಯಲ್ಲಿ ಹೋಗಿ ಇರುತ್ತೇನೆ. ಇವರು ಪಿಜಿ ಬಿಟ್ಟು ಆಫೀಸಿನ ಹತ್ತಿರವೇ ಸಣ್ಣ ಮನೆ ನೋಡುತ್ತಾರೆ. ಅಷ್ಟರೊಳಗೆ ಜೂನಿಯರ್ ಕೆಜಿ ಸೀಟು, ಪಾಳಣಾಘರ ಎರಡೂ ಸಿಕ್ಕರೆ ಅಲ್ಲೇ, ಒಂದು ಸಿಗದಿದ್ದರೂ ಜೂನ್‌ಗೆ ವಾಪಸ್, ಇಲ್ಲಿಯ ಎಲ್‌ಕೆಜಿ ಸೀಟಿನ ಫೀಸು ಈಗಲೇ ಕಟ್ಟಿ ಇಟ್ಟುಕೊಳ್ಳುತ್ತೇನೆ. ಅತ್ತೆಗೆ ಇದನ್ನು ಹೇಳಿದೆ. ಫಿಲ್ಟರ್ ಯಾವುದು ತೆಗೆದುಕೊಳ್ಳುತ್ತೀರಿ ಅಂತ ಕೇಳಿದರು.

ವಾಕಡ್ ಧಾರವಾಡಿ ಅಣ್ಣಾ, ನಿಮ್ಮ ಸೊಸೈಟಿಯ ಕಾಕು ಹತ್ತಿರ ಜೂನ್‌ಗೆ ಒಂದು ಮಗುವಿಗೆ ಜಾಗ ಇದೆಯಾ ಕೇಳಿ ಹೇಳುತ್ತೀರಾ?

ವಾಕಡ್ ಧಾರವಾಡಿ:

ಕೇಳಿದೆ ಅಕ್ಕಾ. ಒಂದು ಮಗು ಜೂನ್‌ನಲ್ಲಿ ದೊಡ್ಡ ಶಾಲೆಗೆ ಹೋಗುತ್ತದಂತೆ, ಜಾಗ ಆಗಬಹುದು ಅಂದರು. ಆದರೆ ಮಗುವನ್ನು ನೋಡದೆ ಹೂಂ ಅನ್ನುವುದಿಲ್ಲವಂತೆ. ಮೇ ತಿಂಗಳಲ್ಲಿ ಎರಡು ದಿನ ಮಗಳ ಜೊತೆ ನೀವೂ ಬಂದು ಕೂರಬೇಕು. ಬರುವಾಗ ಧಾರವಾಡ ಪೇಢೆ ತನ್ನಿ, ಕಾಕುಗೂ ನನಗೂ.